ನಾವೆಲ್ಲಾ ಒಂದೇ ಮನೆಯವರು, ಬೀಗದ ಕೈ ಮಾತ್ರ ಅವರ ಹತ್ರ

ಕಾರ್ಮಿಕರ ದಿನಾಚರಣೆ ಮುಗಿದು ಎಷ್ಟು ದಿನವಾದರೂ ಆ ಫ್ಲೆಕ್ಸುಗಳು ಇಳಿದಿಲ್ಲ. ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಓಡಾಡುವವರು ನೋಡೇ ಇರುತ್ತೀರಿ. ಮಾಲೀಕರು ಬಿಳಿ ಅಂಗಿ ತೊಟ್ಟು ಕೈ ಮುಗಿದು ನಿಂತಿರುತ್ತಾರೆ, ಕಾಲ ಬಳಿ ‘ನಮ್ಮ ಕಾರ್ಮಿಕರು ನಮ್ಮ ಮನೆಯವರಿದ್ದಂತೆ’ ಅಂತ ಹಳದಿ ಅಕ್ಷರ. ಈ ‘ಇದ್ದಂತೆ’ ಸೇರಿಸಿದ ಪುಣ್ಯಾತ್ಮನಿಗೆ ನನ್ನದೊಂದು ನಮಸ್ಕಾರ. ಬರೀ ‘ಮನೆಯವರು’ ಅಂದುಬಿಟ್ಟಿದ್ದರೆ ನಾಳೆ ಯಾರಾದರೂ ಚಾಪೆ ಹಿಡಿದು ಬಂದುಬಿಡುತ್ತಿದ್ದರು. ‘ಇದ್ದಂತೆ’ ಅಂದರೆ ಹೊಸಿಲಾಚೆಗೇ ನಿಲ್ಲಿಸಿ ಟೀ ಕೊಟ್ಟು ಕಳಿಸಬಹುದು. ದುಡಿಯುವವರಿಗೆ ಮನೆ ಕಟ್ಟಿಸಲು ಮಾಲೀಕರೂ ದುಡ್ಡು ಹಾಕಲಿ ಅಂದಾಗ ಈ ‘ಇದ್ದಂತೆ’ಯ ಅರ್ಥ ಗೊತ್ತಾಗುತ್ತದೆ.

ಆ ಇದ್ದಂತೆಯವರ ಪೈಕಿ ಒಬ್ಬರು ನನಗೆ ಪರಿಚಯ. ಜಗಳೂರು ಕಡೆಯವರು, ನಮ್ಮ ಬಡಾವಣೆಯ ದೊಡ್ಡ ಬಂಗಲೆಯೊಂದರ ಗೇಟು ಕಾಯುತ್ತಾರೆ. ಮಾಲೀಕರದು ಊರಾಚೆ ಫ್ಯಾಕ್ಟರಿ, ಬಂಗಲೆಯ ಹೆಸರು ‘ಶ್ರಮಫಲ’. ಇಲ್ಲೇ ಒಂದು ಸಣ್ಣ ಬಾಡಿಗೆ ಮನೆ ನೋಡಬಾರದೇ ಅಂತ ಒಂದು ಸಲ ಕೇಳಿದೆ. “ನೋಡೀನಿ ಸಾರ್. ನಾ ಮನಿ ನೋಡೀನಿ, ಮನಿ ಓನರ್ ನನ್ನ ನೋಡ್ಯಾರ” ಅಂದರು. ಯಾವ ಜನ, ಎಷ್ಟು ಜನ, ಮಾಂಸ ಮಾಡ್ತೀರಾ, ನೆಂಟರು ಬರ್ತಾರಾ, ನೀರು ಎಷ್ಟು ಕೊಡ ಬೇಕು, ಆಮೇಲೆ ಅಡ್ವಾನ್ಸ್ ಎಷ್ಟು ಕೊಡ್ತೀರಿ. ಹೆಣ್ಣು ಕೊಡುವವರೂ ಇಷ್ಟು ಕೇಳುವುದಿಲ್ಲ. 2021ರ ಮಾದರಿ ಬಾಡಿಗೆ ಕಾಯ್ದೆ, ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಬೇಡ ಅನ್ನುತ್ತದಂತೆ. ಮಾದರಿ ಅಂದಮೇಲೆ ಷೋಕೇಸಿನಲ್ಲಿಟ್ಟು ನೋಡುವುದು, ಮುಟ್ಟುವ ಹಾಗಿಲ್ಲ.

ಗೇಟು ಕಾಯುವವರನ್ನು ಕಂಡಾಗೆಲ್ಲ ನನಗೆ ಕಹಳೆ ಮುದ್ದ ಹನುಮ ನೆನಪಾಗುತ್ತಾನೆ. 1997ರ ತನಕ ನಾವೂ ಚಿತ್ರದುರ್ಗ ಜಿಲ್ಲೆಯವರೇ ಆದ್ದರಿಂದ ಆ ಕಥೆಯ ಮೇಲೆ ದಾವಣಗೆರೆಯವರಿಗೂ ಅರ್ಧ ಹಕ್ಕಿದೆ. ಹನುಮನೂ ಸೆಕ್ಯುರಿಟಿ ಗಾರ್ಡೇ. ಕೋಟೆ ಕಾಯುತ್ತಿದ್ದವನು ಮಧ್ಯಾಹ್ನ ಊಟಕ್ಕೆ ಮನೆಗೆ ಹೋದ. ಗಮನಿಸಿ, ಮನೆಗೆ! ಡ್ಯೂಟಿ ಜಾಗದಿಂದ ಕೂಗಳತೆಯಲ್ಲಿ ಮನೆ. ಬಿಸಿ ಊಟ, ಎದುರಿಗೆ ಹೆಂಡತಿ ಓಬವ್ವ. ಕುಡಿಯುವ ನೀರಿಗೆ ಅವಳು ಹೊಂಡಕ್ಕೆ ಹೋದಳು, ಕಿಂಡಿಯಲ್ಲಿ ಹೈದರಾಲಿಯ ಸೈನಿಕರ ತಲೆ ಕಂಡಿತು, ಒನಕೆ ಕೈಗೆ ಬಂತು. ಮುಂದಿನದು ಮೂರನೇ ಕ್ಲಾಸಿನ ಮಕ್ಕಳಿಗೂ ಗೊತ್ತು.

ಈಗ ಮದಕರಿ ನಾಯಕರು ಇಂದಿನ ಮಾಲೀಕರ ಬುದ್ಧಿ ಕೇಳಿದ್ದರು ಅಂತ ಇಟ್ಟುಕೊಳ್ಳಿ. ಹನುಮ ಏಜೆನ್ಸಿ ಮೂಲಕ ನೇಮಕ, ‘ವಸತಿ ನಿಮ್ಮ ಜವಾಬ್ದಾರಿ’. ಕೋಟೆಯೊಳಗಿನ ಬಾಡಿಗೆ ಕೈಗೆಟುಕದೆ ಹೆಂಡತಿಯನ್ನು ಹಿರಿಯೂರು ಕಡೆ ಬಿಟ್ಟು, ಕೋಳಿ ಕೂಗುವ ಮುಂಚೆ ಎತ್ತಿನ ಗಾಡಿ ಹತ್ತುತ್ತಾನೆ. ಮಧ್ಯಾಹ್ನ ಬುರುಜಿನ ಮೇಲೇ ಡಬ್ಬಿ ಬಿಚ್ಚಿ ತಣ್ಣನೆ ಮುದ್ದೆ ನುಂಗಿ, ಗೋಡೆಗೆ ಒರಗಿ ತೂಕಡಿಸುತ್ತಾನೆ. ಓಬವ್ವ ಅಲ್ಲೆಲ್ಲೋ ರಾಗಿ ಕುಟ್ಟುತ್ತಿರುತ್ತಾಳೆ. ಹೈದರನ ಕಡೆಯವರು ಒಬ್ಬೊಬ್ಬರಾಗಿ ಕಿಂಡಿಯಲ್ಲಿ ನುಸುಳಿ, ಮೈಮೇಲಿನ ಮಣ್ಣು ಕೊಡವಿ, ವಿಸಿಟರ್ಸ್ ಪುಸ್ತಕದಲ್ಲಿ ಸಹಿ ಮಾಡಿ ಒಳಗೆ ಹೋಗುತ್ತಾರೆ. ಚಿತ್ರದುರ್ಗದ ಓಬವ್ವ ಕ್ರೀಡಾಂಗಣಕ್ಕೆ ಬೇರೆ ಹೆಸರು ಹುಡುಕಬೇಕಾಗುತ್ತಿತ್ತು. ಪ್ರತಿ ನವೆಂಬರ್ 11ಕ್ಕೆ ಓಬವ್ವ ಜಯಂತಿ ಮಾಡುತ್ತೇವೆ, ಒನಕೆಯ ಬಗ್ಗೆ ಗಂಟಲು ಹರಿಯುವ ಹಾಗೆ ಭಾಷಣ. ಕ್ವಾರ್ಟರ್ಸ್ ಬಗ್ಗೆ ಒಬ್ಬರೂ ಬಾಯಿ ಬಿಡಲ್ಲ.

ಪಾಳೇಗಾರರ ಮಾತು ಹಳೇದಾಯಿತು ಅನ್ನುವವರು ಹರಿಹರಕ್ಕೆ ಹೋಗಿ ಬನ್ನಿ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್ ಯಂತ್ರದ ಜೊತೆಗೆ ಯಂತ್ರಾಪುರ ಅನ್ನುವ ಕಾಲೊನಿಯನ್ನೂ ಎಬ್ಬಿಸಿತು. ಕಾರ್ಖಾನೆ ಮುಚ್ಚಿಹೋಯಿತು, ಹೆಸರು ಉಳಿದಿದೆ. 1951ರ ಪ್ಲಾಂಟೇಶನ್ ಕಾಯ್ದೆಯಲ್ಲಂತೂ ಎಸ್ಟೇಟಿನ ಆಳಿಗೆ ಮನೆ ಕೊಡುವುದು ಧಣಿಯ ಕರ್ತವ್ಯ ಅಂತಲೇ ಬರೆದಿತ್ತು. ಕಾಫಿ ಗಿಡದ ನೆರಳಲ್ಲಿ ದುಡಿದರೆ ಲೈನ್ ಮನೆ, ಹತ್ತಿಯ ಧೂಳಲ್ಲಿ ದುಡಿದರೆ ಲಾಸ್ಟ್ ಬಸ್ಸು.

2020ರ ಲಾಕ್‌ಡೌನಿನಲ್ಲಿ ಜನ ಗಂಟುಮೂಟೆ ಹೊತ್ತು ಹೆದ್ದಾರಿಯಲ್ಲಿ ನಡೆದರಲ್ಲ, ಆಗ ದೆಹಲಿಗೆ ಹೊಳೆಯಿತು, ದುಡಿಯುವವರಿಗೂ ರಾತ್ರಿ ಆಗುತ್ತದೆ ಅಂತ. ಕೈಗೆಟುಕುವ ಬಾಡಿಗೆ ವಸತಿ ಯೋಜನೆ ಬಂತು. ಕಂಪನಿಗಳು ತಮ್ಮದೇ ಜಾಗದಲ್ಲಿ ಕಾರ್ಮಿಕರಿಗೆ ಕಟ್ಟಿಕೊಡಬಹುದು ಅಂದಿತು. 2024ರ ಬಜೆಟ್ಟಿನಲ್ಲಿ ಮತ್ತೆ ಡಾರ್ಮಿಟರಿ ಮಾದರಿಯ ಬಾಡಿಗೆ ವಸತಿ, ಸರ್ಕಾರ ಒಂದಿಷ್ಟು ತುಂಬುತ್ತದೆ, ಉದ್ದಿಮೆಗಳೂ ಕೈ ಜೋಡಿಸಬೇಕು ಅಂತ. ಮಾಲೀಕರು ತಕ್ಷಣ ಕೈ ಜೋಡಿಸಿದರು. ಫ್ಲೆಕ್ಸಿನಲ್ಲಿ ನೋಡಿದಿರಲ್ಲ.

ದುಡ್ಡು ಹಾಕಿ ಅಂದರೆ ಬರುವ ಉತ್ತರಗಳು ಬೆಣ್ಣೆ ದೋಸೆಗಿಂತ ಮೆತ್ತಗೆ. ಮನೆ ಕೊಟ್ಟರೆ ಬಿಟ್ಟು ಹೋಗಲ್ಲ. ಮನೆ ಕೊಟ್ಟರೆ ಯೂನಿಯನ್ ಕಟ್ಟುತ್ತಾರೆ. ಕಂಪನಿಗಳು ಸಮಾಜಕ್ಕೆಂದು ಖರ್ಚು ಮಾಡಬೇಕಾದ ಸಿಎಸ್ಆರ್ ದುಡ್ಡಲ್ಲಾದರೂ ಕಟ್ಟಿ ಅಂದರೆ ಕಾನೂನು ಪುಸ್ತಕ ತೆಗೆಯುತ್ತಾರೆ, ಲಾಭದ ಶೇ 2ರ ಆ ಹಣವನ್ನು ಸ್ವಂತ ನೌಕರರ ಅನುಕೂಲಕ್ಕೆ ಬಳಸಿದರೆ ಲೆಕ್ಕಕ್ಕೆ ಬರಲ್ಲ ಅಂತ. ಮಾತು ನಿಜ, ನಿಯಮ ಹಾಗೇ ಇದೆ. ಆದರೆ ಇದೇ ಜನ ಪಿಎಫ್ ಕೇಳಲು ಬಂದಾಗ “ಅವನು ನಮ್ಮ ನೌಕರ ಅಲ್ಲ, ಕಂಟ್ರಾಕ್ಟರ್ ಕಡೆಯವನು” ಅಂದಿರುತ್ತಾರೆ. ಪಿಎಫ್‌ಗೆ ಪರರವನು, ಸಿಎಸ್ಆರ್‌ಗೆ ನಮ್ಮವನು, ಮೇ ಒಂದಕ್ಕೆ ಮನೆಯವನಿದ್ದಂತೆ. ಕೊನೆಗೆ ಆ ಹಣದಲ್ಲಿ ಪಾರ್ಕಿಗೆ ಕಲ್ಲು ಬೆಂಚು ಬರುತ್ತದೆ, ಬೆನ್ನಿಗೆ ದಾನಿಗಳ ಹೆಸರು. ಅದರ ಮೇಲೆ ಮಲಗಿದರೆ ವಾಚ್‌ಮನ್ ಎಬ್ಬಿಸುತ್ತಾನೆ. ಅವನಿಗೂ ಮನೆ ಇಲ್ಲ.

ನಮ್ಮೂರಿಗೆ ಮನೆ ಕಟ್ಟುವುದು ಬರುವುದಿಲ್ಲ ಅಂತಲ್ಲ. ಗಿಡಗಳಿಗೆ ಗಾಜಿನ ಮನೆಯನ್ನೇ ಕಟ್ಟಿದ್ದೇವೆ, ದೂರದೂರದಿಂದ ಬಂದು ಸೆಲ್ಫಿ ತೆಗೆದುಕೊಳ್ಳುತ್ತಾರೆ. ಗುಲಾಬಿಗೆ ಯಾವ ಜನ ಅಂತ ಯಾರೂ ಕೇಳಲಿಲ್ಲ.

ತಮಾಷೆ ಮಾಡಲು ಕೂತೆ, ಆಗುತ್ತಿಲ್ಲ. ಮಂಡಕ್ಕಿ ಭಟ್ಟಿಗಳ ಕಡೆ ಹೋಗಿ ನೋಡಿ. ಅಲ್ಲಿ ಕೆಲಸದ ಪಕ್ಕದಲ್ಲೇ ಮನೆ ಇದೆ, ಹೊಗೆಯೊಳಗೆ. ಸಂಜೆ ಮಿರ್ಚಿ ಜೊತೆ ನಾವು ಮುಕ್ಕುವ ಮಂಡಕ್ಕಿ ಹುರಿದವರ ಕೂಸು ಆ ಹೊಗೆಯಲ್ಲೇ ಮಲಗುತ್ತದೆ. ಮೊದಲ 20 ಸ್ಮಾರ್ಟ್ ಸಿಟಿಗಳಲ್ಲಿ ನಮ್ಮದೂ ಒಂದು ಅಂತ 2016ರಲ್ಲಿ ಪಟಾಕಿ ಹೊಡೆದೆವು. ನೂಲು ತೆಗೆದವರು, ಮೂಟೆ ಹೊತ್ತವರು, ಗೇಟು ಕಾದವರು ಸೇರಿ ಕಟ್ಟಿದ ಊರಿದು. ಅವರಿಗೆ ರಾತ್ರಿ ಕಾಲು ಚಾಚಲು ಹತ್ತು ಅಡಿ ಜಾಗಕ್ಕೆ ದುಡ್ಡು ಹಾಕಿ ಅಂದರೆ ಲೆಕ್ಕಪತ್ರ ತೋರಿಸುತ್ತೀರಿ. ನಾಚಿಕೆಯಾಗಬೇಕು.

ಮೊನ್ನೆ ಮಧ್ಯಾಹ್ನ ‘ಶ್ರಮಫಲ’ದ ಮುಂದೆ ಹಾದುಹೋದೆ. ಗೇಟಿನ ಪಕ್ಕದ ತಗಡಿನ ಗೂಡಿನಲ್ಲಿ ನಮ್ಮ ಜಗಳೂರಿನವರು ಮೊಣಕಾಲ ಮೇಲೆ ಡಬ್ಬಿ ಇಟ್ಟುಕೊಂಡು ಉಣ್ಣುತ್ತಿದ್ದರು. ಒಳಗಿಂದ ಕಾರಿನ ಹಾರ್ನ್ ಕೇಳಿಸಿತು. ಡಬ್ಬಿ ನೆಲದ ಮೇಲಿಟ್ಟು, ಕೈ ಪ್ಯಾಂಟಿಗೆ ಒರೆಸಿಕೊಂಡು ಗೇಟು ತೆಗೆದರು. ಕಾರು ಹೋಯಿತು. ಡಬ್ಬಿಗೆ ಧೂಳು ಬಿದ್ದಿತ್ತು. “ಊಟ ಆಯ್ತಾ ಸಾರ್?” ಅಂತ ನನ್ನನ್ನೇ ಕೇಳಿದರು.