ಕಿರೀಟ ತೊಟ್ಟ ಒಣಮೀನು

ಲಾಂಛನ ಆರಿಸುವಾಗ ಯಾರೂ ಬಡಪಾಯಿ ಪ್ರಾಣಿಯನ್ನು ಹುಡುಕುವುದಿಲ್ಲ. ಸಿಂಹ ಬೇಕು, ಹದ್ದು ಬೇಕು, ಹುಲಿ ಬೇಕು. ನಾವಂತೂ ಒಂದು ತಲೆ ಸಾಲದು ಅಂತ ಎರಡು ತಲೆಯ ಗಂಡಭೇರುಂಡವನ್ನೇ ಇಟ್ಟುಕೊಂಡಿದ್ದೇವೆ. ಐಸ್‌ಲ್ಯಾಂಡಿನ ಕಥೆ ಮಾತ್ರ ಬೇರೆ. ನೂರಾರು ವರ್ಷ ಆ ದೇಶದ ಗುರುತು ಒಂದು ಒಣಮೀನಾಗಿತ್ತು. ಅದಕ್ಕೆ ತಲೆಯೂ ಇರಲಿಲ್ಲ. ಕೊಯ್ದು, ಸೀಳಿ, ಒಣಗಿಸಿದ ಮೀನು, ಅದರ ಮೇಲೊಂದು ಚಿನ್ನದ ಕಿರೀಟ. ತಲೆಯಿಲ್ಲದವನಿಗೆ ಕಿರೀಟ ಯಾಕೆ ಅಂದರೆ, ಕಿರೀಟ ಡೆನ್ಮಾರ್ಕಿನ ದೊರೆಯದು, ಮೀನು ಇವರದು.

1903ರಲ್ಲಿ ಮೀನನ್ನು ಇಳಿಸಿ ಆ ಜಾಗದಲ್ಲಿ ಬಿಳಿ ಗಿಡುಗವನ್ನು ಕೂರಿಸಿದರು. ನೋಡಲು ಠೀವಿ ಇತ್ತು, ಒಪ್ಪೋಣ. ಐಸ್‌ಲ್ಯಾಂಡಿನ ಗಿಡುಗಗಳಿಗೆ ಯುರೋಪಿನ ಅರಮನೆಗಳಲ್ಲಿ ಬೇಡಿಕೆಯೂ ಇತ್ತು. ಆದರೆ ಗಿಡುಗ ತಿಂದು ಯಾರೂ ಚಳಿಗಾಲ ಕಳೆದಿಲ್ಲ. ಆ ದೇಶದ ಸಾವಿರ ಚಿಲ್ಲರೆ ವರ್ಷದ ಚರಿತ್ರೆಯನ್ನು ಎಲ್ಲಿ ಮುಟ್ಟಿದರೂ ಮೀನಿನ ವಾಸನೆ ಬರುತ್ತದೆ. ಮೀನು ಹಿಡಿಯುವವರು ಯಾರು, ಅದನ್ನು ಮಾರುವ ಹಕ್ಕು ಯಾರದು? ಈ ಒಂದು ಜಗಳ ಇನ್ನೂ ಮುಗಿದಿಲ್ಲ.

ನಮ್ಮ ಕರಾವಳಿಯವರಿಗೆ ಒಣಮೀನಿನ ಬಗ್ಗೆ ಹೇಳಿಕೊಡಬೇಕಾಗಿಲ್ಲ. ಮಳೆಗಾಲದಲ್ಲಿ ದೋಣಿ ಕಡಲಿಗೆ ಇಳಿಯುವುದಿಲ್ಲ. ಆಗ ಒಣ ಸಿಗಡಿಯ ಚಟ್ನಿಯೇ ಗಂಜಿಗೆ ದಿಕ್ಕು. ನಮ್ಮಲ್ಲಿ ಉಪ್ಪು ಹಾಕಿ ಬಿಸಿಲಿಗೆ ಹರವುತ್ತಾರೆ. ಐಸ್‌ಲ್ಯಾಂಡಿನಲ್ಲಿ ಉಪ್ಪಿಗೆ ಬರ, ಬಿಸಿಲಿಗೆ ಅದಕ್ಕಿಂತ ಜಾಸ್ತಿ ಬರ. ಹಾಗಾಗಿ ಅವರು ಕಾಡ್ ಎಂಬ ಮೀನನ್ನು ಶುಚಿ ಮಾಡಿ ಮರದ ಅಡ್ಡಗಳುಗಳಿಗೆ ಸುಮ್ನೆ ನೇತುಹಾಕುತ್ತಿದ್ದರು. ಉಳಿದ ಕೆಲಸ ಚಳಿಗಾಳಿಯದು. ಮೀನು ಕೊಳೆಯದಷ್ಟು ಚಳಿ, ಒಣಗುವಷ್ಟು ಗಾಳಿ, ಎರಡೂ ಒಟ್ಟಿಗೆ ಇರುವ ಜಾಗ ಪ್ರಪಂಚದಲ್ಲಿ ಕಡಿಮೆ. ಕೆಲವು ವಾರಗಳಲ್ಲಿ ಅದು ಕಟ್ಟಿಗೆಯ ಹಾಗೆ ಆಗುತ್ತಿತ್ತು. ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ತಿನ್ನಬೇಕಾದರೆ ಕಲ್ಲಿನ ಮೇಲಿಟ್ಟು ಕಲ್ಲಿನ ಸುತ್ತಿಗೆಯಿಂದ ಜಜ್ಜಿ, ಎಳೆ ಎಳೆ ಬಿಡಿಸಿ, ಬೆಣ್ಣೆ ಸವರಿಕೊಳ್ಳಬೇಕು. ಧಾನ್ಯ ಸರಿಯಾಗಿ ಬೆಳೆಯದ ಆ ನೆಲದಲ್ಲಿ ರೊಟ್ಟಿಯ ಕೆಲಸವನ್ನು ಒಣಮೀನೇ ಮಾಡಿತು. ಈಗಲೂ ಅಲ್ಲಿನ ಅಂಗಡಿಗಳಲ್ಲಿ ಚಿಪ್ಸ್ ಪೊಟ್ಟಣದ ಪಕ್ಕದಲ್ಲಿ ಅದರ ಪೊಟ್ಟಣವೂ ಇರುತ್ತದೆ.

ದೇಶಕ್ಕೆ ಹೆಸರು ಬಂದದ್ದರಲ್ಲೂ ಮೀನಿನ ಕೈವಾಡವಿದೆ. ಒಂಬತ್ತನೇ ಶತಮಾನದಲ್ಲಿ ನಾರ್ವೆಯಿಂದ ಫ್ಲೋಕಿ ಎಂಬವನು ಮೂರು ಕಾಗೆಗಳನ್ನು ಜೊತೆಗಿಟ್ಟುಕೊಂಡು ಈ ದ್ವೀಪ ಹುಡುಕಿ ಬಂದನಂತೆ. ಹಾರಿಬಿಟ್ಟ ಕಾಗೆ ಯಾವ ಕಡೆ ಹೋಗುತ್ತದೋ ಅತ್ತ ನೆಲ ಅಂತ ಲೆಕ್ಕ. ನೆಲ ಸಿಕ್ಕಿತು. ಹೆಂಡತಿ ಮಕ್ಕಳು, ದನಕರು ಎಲ್ಲ ಇಳಿದವು. ಕೊಲ್ಲಿಯ ತುಂಬ ಮೀನು. ಹಿಡಿದಷ್ಟೂ ಇದೆ. ಆ ಸಂಭ್ರಮದಲ್ಲಿ ಚಳಿಗಾಲಕ್ಕೆ ಹುಲ್ಲು ಕೊಯ್ದಿಡುವುದನ್ನೇ ಮರೆತರು. ಹಿಮ ಬಿತ್ತು, ದನಗಳೆಲ್ಲ ಸತ್ತವು. ಸಿಟ್ಟಿನಲ್ಲಿ ಬೆಟ್ಟ ಹತ್ತಿ ನೋಡಿದರೆ ಕಡಲಿನ ತುಂಬ ಮಂಜುಗಡ್ಡೆ. ಮಂಜುಗಡ್ಡೆಯ ನಾಡು ಅಂತ ಹೆಸರಿಟ್ಟು ಊರಿಗೆ ಹೊರಟ. ತಪ್ಪು ತನ್ನದು, ಕೆಟ್ಟ ಹೆಸರು ನೆಲಕ್ಕೆ! ಮುಂದೆ ಅವನೇ ಮತ್ತೆ ಬಂದು ಅಲ್ಲೇ ಮನೆ ಮಾಡಿಕೊಂಡ ಅನ್ನುತ್ತದೆ ಹಳೆಯ ಬರಹ.

ನೆಲೆಯೂರಲೆಂದೇ ಬಂದ ಮೊದಲಿಗ ಅಂತ ಚರಿತ್ರೆ ಗುರುತಿಸುವುದು ಇಂಗೋಲ್ಫರ್ ಆರ್ನಾರ್ಸನ್‌ನನ್ನು. ಸಾಂಪ್ರದಾಯಿಕ ಲೆಕ್ಕದಲ್ಲಿ ಅದು 874. ತನ್ನ ಮನೆಯ ಗೌರವದ ಪೀಠದ ಕಂಬಗಳನ್ನು ಕಡಲಿಗೆ ಎಸೆದು, ಅವು ಎಲ್ಲಿ ದಡ ಸೇರುತ್ತವೋ ಅಲ್ಲೇ ಮನೆ ಕಟ್ಟುತ್ತೇನೆ ಅಂದ. ಹುಡುಕುವ ಕೆಲಸ ಆಳುಗಳ ತಲೆಗೆ ಬಿತ್ತು. ವರ್ಷಗಳ ನಂತರ ಇಂದಿನ ರೇಕ್ಯಾವಿಕ್ ಇರುವ ಜಾಗದಲ್ಲಿ ಕಂಬ ಸಿಕ್ಕವು. ಅಷ್ಟೊಂದು ಒಳ್ಳೆಯ ಜಮೀನು ದಾಟಿ ಬಂದು ಈ ಮೂಲೆಯಲ್ಲಿ ಕೂರಬೇಕಾ ಅಂತ ಕಾರ್ಲಿ ಎಂಬ ಆಳು ಗೊಣಗಿ, ಒಬ್ಬ ದಾಸಿಯನ್ನು ಕರೆದುಕೊಂಡು ಓಡಿಹೋದ. ಒಂದು ದೇಶದ ಶುರುವಿನ ಕಥೆಯಲ್ಲಿ ಆಳಿನ ಗೊಣಗಾಟವನ್ನೂ ಬರೆದಿಟ್ಟವರ ಮೇಲೆ ನನಗೆ ಗೌರವವಿದೆ. ಅವನು ಹಾಗೆ ದೂರಿದ ಮೂಲೆಯೇ ಇಂದಿನ ರಾಜಧಾನಿ.

930ರಲ್ಲಿ ಅವರು ಥಿಂಗ್‌ವೆಟ್ಲಿರ್ ಬಯಲಿನಲ್ಲಿ ಆಲ್‌ಥಿಂಗ್ ಎಂಬ ಸಭೆ ಶುರು ಮಾಡಿದರು. ರಾಜನಿಲ್ಲ, ಸೈನ್ಯವಿಲ್ಲ. ಕಾನೂನು ಪುಸ್ತಕವೂ ಇಲ್ಲ. ಕಾನೂನು ಹೇಳುವವನು ಅಂತ ಒಬ್ಬನನ್ನು ಆರಿಸುತ್ತಿದ್ದರು. ಅವನು ವರ್ಷಕ್ಕೆ ಮೂರರಲ್ಲಿ ಒಂದು ಪಾಲಿನಂತೆ ಮೂರು ವರ್ಷದಲ್ಲಿ ಇಡೀ ಕಾನೂನನ್ನು ಬಾಯಿಪಾಠ ಒಪ್ಪಿಸಬೇಕು. ಸುಮಾರು 1000ದಲ್ಲಿ ಕ್ರೈಸ್ತರಾಗುವುದೋ ಬೇಡವೋ ಅಂತ ಜಗಳ ಹೊತ್ತಿಕೊಂಡಾಗ, ಆಗ ಕಾನೂನು ಹೇಳುವವನಾಗಿದ್ದು ತೀರ್ಮಾನ ಮಾಡಬೇಕಾದ ಥೋರ್ಗೇರ್ ಒಂದು ಹಗಲು ಒಂದು ರಾತ್ರಿ ಹೊದಿಕೆ ಹೊದ್ದು ಮಲಗಿಬಿಟ್ಟ. ಎದ್ದು ಬಂದು, ಎಲ್ಲರೂ ಕ್ರೈಸ್ತರಾಗೋಣ, ಆದರೆ ಕುದುರೆ ಮಾಂಸ ತಿನ್ನುವವರು ತಿನ್ನಲಿ, ಹಳೆಯ ದೇವರಿಗೆ ಗುಟ್ಟಾಗಿ ಕೈ ಮುಗಿಯುವವರು ಮುಗಿಯಲಿ ಅಂದ.

ಹೊಸ ಧರ್ಮದಿಂದ ಆತ್ಮಕ್ಕೆ ಏನಾಯಿತೋ, ಮೀನಿಗಂತೂ ಯೋಗ ಬಂತು. ಅಲ್ಲಿಯವರೆಗೆ ಐಸ್‌ಲ್ಯಾಂಡ್ ಹೊರಗೆ ಮಾರುತ್ತಿದ್ದದ್ದು ಮುಖ್ಯವಾಗಿ ಉಣ್ಣೆಯ ಬಟ್ಟೆ. ಮೀನು ಮನೆಯ ಊಟಕ್ಕೆ. ಆದರೆ ಕ್ರೈಸ್ತ ಯುರೋಪಿನಲ್ಲಿ ಶುಕ್ರವಾರ ಮಾಂಸ ಇಲ್ಲ, ಈಸ್ಟರ್‌ಗೆ ಮುಂಚಿನ ನಲವತ್ತು ದಿನ ಮಾಂಸ ಇಲ್ಲ. ಮೀನು ಮಾತ್ರ ನಡೆಯುತ್ತಿತ್ತು. ಪಟ್ಟಣಗಳು ಬೆಳೆಯುತ್ತಿದ್ದವು. ಕೆಡದ ಮೀನು ಬೇಕಾಗಿತ್ತು. 1262ರ ಹೊತ್ತಿಗೆ ಐಸ್‌ಲ್ಯಾಂಡಿನ ಮುಖಂಡರು ತಮ್ಮತಮ್ಮಲ್ಲೇ ಕಡಿದಾಡಿ ಸುಸ್ತಾಗಿ ನಾರ್ವೆಯ ದೊರೆಗೆ ತಲೆಬಾಗಿದ್ದರು. ಮುಂದಿನ ಶತಮಾನದಲ್ಲಿ ಅವರ ಒಣಮೀನು ನಾರ್ವೆಯ ಬೆರ್ಗೆನ್ ಬಂದರಿಗೆ ಹೊರೆಹೊರೆಯಾಗಿ ಹೋಯಿತು. 1400ರ ನಂತರ ಇಂಗ್ಲಿಷರು ನೇರವಾಗಿ ಬಂದರು. ಹಿಂದೆಯೇ ಜರ್ಮನ್ ವರ್ತಕರು. ಇಬ್ಬರೂ ಐಸ್‌ಲ್ಯಾಂಡಿನ ದಡದಲ್ಲಿ ಹೊಡೆದಾಡಿಕೊಂಡರು. ಬದಲಿಗೆ ಹಿಟ್ಟು, ಬಟ್ಟೆ, ಕಬ್ಬಿಣ ಸಿಗುತ್ತಿತ್ತು. ಊರಿನೊಳಗೆ ಬೆಲೆ ಕಟ್ಟುವುದೂ ಮೀನಿನ ಲೆಕ್ಕದಲ್ಲೇ.

ಆಮೇಲೆ ಬಂದದ್ದು ಡೆನ್ಮಾರ್ಕ್. ನಾರ್ವೆಯ ಜೊತೆಗೆ ಐಸ್‌ಲ್ಯಾಂಡೂ ಡೆನ್ಮಾರ್ಕಿನ ಕೈಸೇರಿತ್ತು. 1602ರಲ್ಲಿ ದೊರೆ ಒಂದು ಆಜ್ಞೆ ಹೊರಡಿಸಿದ: ಐಸ್‌ಲ್ಯಾಂಡಿನವರು ಡೇನಿಶ್ ವರ್ತಕರ ಜೊತೆ ಮಾತ್ರ ವ್ಯಾಪಾರ ಮಾಡಬೇಕು. ಮುಂದೆ ಇನ್ನೂ ಬಿಗಿ ಮಾಡಿದರು. ನಿನ್ನ ಸೀಮೆಗೆ ಗೊತ್ತು ಮಾಡಿದ ವರ್ತಕನಿಗೇ ಮಾರಬೇಕು, ಪಕ್ಕದ ಸೀಮೆಯವನಿಗೆ ಕೂಡದು. ಹೋಲ್ಮ್‌ಫಾಸ್ಟುರ್ ಎಂಬ ಬಡವ ಕೈಬೆರಳೆಣಿಕೆಯ ಮೀನುಗಳನ್ನು ಹಾಫ್ನಾರ್‌ಫ್ಯೋರ್ದುರ್ ವರ್ತಕನಿಗೆ ಕೊಡದೆ ಕೆಫ್ಲಾವಿಕ್‌ನಲ್ಲಿ ಮಾರಿದ. 1699ರಲ್ಲಿ ಅವನನ್ನು ಕಂಬಕ್ಕೆ ಕಟ್ಟಿ ಹೊಡೆದರು. ಮೀನು ಹಿಡಿದವನು ಅವನು, ಒಣಗಿಸಿದವನು ಅವನು. ಇಬ್ಬರೂ ವರ್ತಕರು ಒಂದೇ ದೊರೆಯ ಪ್ರಜೆಗಳು! ಐಸ್‌ಲ್ಯಾಂಡಿನ ಮಕ್ಕಳಿಗೆ ಯಾವ ಯುದ್ಧದ ಇಸವಿ ಮರೆತರೂ ಪರವಾಗಿಲ್ಲ, ಇದು ನೆನಪಿರಬೇಕು ಅನಿಸುತ್ತದೆ ನನಗೆ.

1783ರಲ್ಲಿ ಲಾಕಿ ಎಂಬ ಜ್ವಾಲಾಮುಖಿಯ ಬಿರುಕುಗಳಿಂದ ಲಾವಾ ಉಕ್ಕಲು ಶುರುವಾಗಿ ಎಂಟು ತಿಂಗಳು ನಿಲ್ಲಲಿಲ್ಲ. ವಿಷದ ಹೊಗೆ ಹುಲ್ಲಿನ ಮೇಲೆ ಕೂತು ಕುರಿ, ದನಗಳನ್ನು ಕೊಂದಿತು. ಹಿಂದೆಯೇ ಹಸಿವು ಬಂತು. ದೇಶದ ಸುಮಾರು ಐದರಲ್ಲಿ ಒಂದು ಪಾಲು ಜನ ಸತ್ತರು. ಡೆನ್ಮಾರ್ಕಿನ ಆ ವ್ಯಾಪಾರ ಪದ್ಧತಿ ಕೊನೆಯಾದದ್ದು 1787ರಲ್ಲಿ. ಆಗಲೂ ಪೂರ್ತಿ ಬಿಡಲಿಲ್ಲ. ಯಾವ ದೇಶದವರ ಜೊತೆಗಾದರೂ ವ್ಯಾಪಾರ ಮಾಡುವ ಸ್ವಾತಂತ್ರ್ಯ 1855ರಲ್ಲಿ ಬಂತು.

ಯೋನ್ ಸಿಗುರ್ಡ್ಸನ್ ಐಸ್‌ಲ್ಯಾಂಡಿನ ಸ್ವಾತಂತ್ರ್ಯದ ನಾಯಕ. ಕೋಪನ್‌ಹೇಗನ್‌ನಲ್ಲಿ ಕೂತು ಹಳೆಯ ಹಸ್ತಪ್ರತಿಗಳನ್ನು ತಿರುವಿಹಾಕುತ್ತ, ಅದೇ ಉಸಿರಿನಲ್ಲಿ ವ್ಯಾಪಾರದ ಹಕ್ಕಿಗಾಗಿ ವಾದಿಸುತ್ತಿದ್ದ ಮನುಷ್ಯ. ಕತ್ತಿ ಹಿಡಿದವರಲ್ಲ. ಐಸ್‌ಲ್ಯಾಂಡಿನವರು 1874ರಲ್ಲಿ ಸಂವಿಧಾನ, 1904ರಲ್ಲಿ ಸ್ವಂತ ಆಡಳಿತ, 1918ರಲ್ಲಿ ಸ್ವತಂತ್ರ ರಾಜ್ಯ ಅಂತ ಮೆಟ್ಟಿಲು ಮೆಟ್ಟಿಲಾಗಿ ಏರಿ, 1944ರ ಜೂನ್ 17ರಂದು, ಯೋನ್ ಅವರ ಹುಟ್ಟುಹಬ್ಬದ ದಿನವೇ, ಗಣರಾಜ್ಯ ಘೋಷಿಸಿದರು. ಆಗ ಡೆನ್ಮಾರ್ಕ್ ಹಿಟ್ಲರನ ಕೈಯಲ್ಲಿತ್ತು. ಐಸ್‌ಲ್ಯಾಂಡಿಗೆ 1940ರಲ್ಲಿ ಬ್ರಿಟಿಷ್ ಸೈನ್ಯ ಕೇಳದೆ ಬಂದಿಳಿದಿತ್ತು. ಇವರು ಪ್ರತಿಭಟನೆಯ ಪತ್ರ ಬರೆದರು. ಯುದ್ಧ ಮುಗಿಯುವವರೆಗೆ ಅದೇ ಬ್ರಿಟನ್ನಿಗೆ ಒಳ್ಳೆಯ ಬೆಲೆಗೆ ಮೀನೂ ಮಾರಿದರು.

ಗಣರಾಜ್ಯವಾದ ಮೇಲೆ ಮಾಡಿದ ಜಗಳವೂ ಮೀನಿನದೇ. ದಡದಿಂದ ಎಷ್ಟು ದೂರದವರೆಗಿನ ಕಡಲು ನಮ್ಮದು? 1952ರಲ್ಲಿ ನಾಲ್ಕು ಮೈಲಿ ಅಂದರು. 1958ರಲ್ಲಿ ಹನ್ನೆರಡು. 1972ರಲ್ಲಿ ಐವತ್ತು. 1975ರಲ್ಲಿ ಇನ್ನೂರು! ಬ್ರಿಟನ್ ಯುದ್ಧನೌಕೆ ಕಳಿಸಿತು. ಐಸ್‌ಲ್ಯಾಂಡಿಗೆ ಸೈನ್ಯವೇ ಇಲ್ಲ, ಇದ್ದದ್ದು ಕೆಲವು ಕಾವಲು ಹಡಗು. ಅವರು ಒಂದು ಕತ್ತರಿ ಮಾಡಿಸಿದರು. ಅದನ್ನು ಹಡಗಿನ ಹಿಂದೆ ನೀರಿನಲ್ಲಿ ಎಳೆದುಕೊಂಡು ಹೋಗಿ ಬ್ರಿಟಿಷ್ ಟ್ರಾಲರುಗಳ ಬಲೆಯ ತಂತಿ ಕತ್ತರಿಸುವುದು. ಬಲೆ ಹಿಡಿದ ಮೀನಿನ ಸಮೇತ ಕಡಲಪಾಲು. ಜೊತೆಗೆ, ಅಮೆರಿಕ, ಬ್ರಿಟನ್ ಎಲ್ಲ ಇರುವ ನೇಟೋ ಸೈನಿಕ ಕೂಟ ಬಿಟ್ಟುಬಿಡುತ್ತೇವೆ ಎಂಬ ಬೆದರಿಕೆ. ಅಮೆರಿಕದ ವಾಯುನೆಲೆ ಕೆಫ್ಲಾವಿಕ್‌ನಲ್ಲಿತ್ತಲ್ವಾ, ಆ ಬೆದರಿಕೆ ಕೆಲಸ ಮಾಡಿತು. 1976ರಲ್ಲಿ ಬ್ರಿಟನ್ ಒಪ್ಪಿಕೊಂಡಿತು. ಆಗ ಇನ್ನೂರು ಮೈಲಿಯ ಮಾತು ಜಗತ್ತಿನ ತುಂಬ ನಡೆಯುತ್ತಿತ್ತು. ಭಾರತದ ಕಡಲ ವಲಯಗಳ ಕಾನೂನು ಕೂಡ ಅದೇ 1976ರದು. ಮಲ್ಪೆಯ ದೋಣಿ ಇವತ್ತು ಮೀನು ಹಿಡಿಯುವ ಕಡಲಿಗೂ ಲೆಕ್ಕ ಅದೇ ಇನ್ನೂರು ಮೈಲಿ.

ಈ ಗಂಡಸರ ಕತ್ತರಿ ಸಾಹಸದ ನಡುವೆ ಒಂದು ದಿನ ಮೀನಿನ ಕಾರ್ಖಾನೆಗಳೇ ಬಾಗಿಲು ಹಾಕಿದವು. 1975ರ ಅಕ್ಟೋಬರ್ 24. ದೇಶದ ನೂರಕ್ಕೆ ತೊಂಬತ್ತರಷ್ಟು ಹೆಂಗಸರು ಮನೆಗೆಲಸವನ್ನೂ ಹೊರಗಿನ ಕೆಲಸವನ್ನೂ ಬಿಟ್ಟು ಬೀದಿಗೆ ಬಂದರು. ಹಿಡಿಯುವವರ ಹೆಸರು ಹಾಡಾಗುತ್ತದೆ, ಕೊಯ್ದು ಶುಚಿ ಮಾಡಿ ಪ್ಯಾಕ್ ಮಾಡುವವರು ಯಾರು ಅಂತ ಅವತ್ತು ಗೊತ್ತಾಯಿತು. ಗಂಡಸರು ಮಕ್ಕಳನ್ನು ಕಟ್ಟಿಕೊಂಡು ಆಫೀಸಿಗೆ ಹೋದರು. ಅಂಗಡಿಗಳಲ್ಲಿ ಬೇಗ ಬೇಯುವ ಸಾಸೇಜ್ ಖಾಲಿಯಾಯಿತು. ಐದು ವರ್ಷಕ್ಕೆ ಆ ದೇಶ ವಿಗ್ದಿಸ್ ಫಿನ್‌ಬೊಗದೊತ್ತಿರ್ ಅವರನ್ನು ಅಧ್ಯಕ್ಷರಾಗಿ ಆರಿಸಿತು. ಜನರ ಮತದಿಂದ ಅಧ್ಯಕ್ಷರಾದ ಜಗತ್ತಿನ ಮೊದಲ ಮಹಿಳೆ.

ಕಡಲು ಪೂರ್ತಿ ತಮ್ಮದಾದ ಮೇಲೆ ತಮ್ಮತಮ್ಮಲ್ಲೇ ಪಾಲಿನ ಪ್ರಶ್ನೆ. ಮೀನು ಮುಗಿದುಹೋಗಬಾರದು ಅಂತ 1984ರಲ್ಲಿ ಕಾಡ್‌ಗೆ ಕೋಟಾ ತಂದರು. ಹಿಂದಿನ ಮೂರು ವರ್ಷ ಎಷ್ಟು ಹಿಡಿದಿದ್ದರೋ ಆ ಲೆಕ್ಕದ ಪಾಲು. 1990ರ ಕಾನೂನಿನ ನಂತರ ಆ ಪಾಲನ್ನು ಮಾರಬಹುದಾಯಿತು. ಇನ್ನೂ ಈಜುತ್ತಿರುವ ಮೀನಿನ ಬಲದ ಮೇಲೆ ಬ್ಯಾಂಕಿನಲ್ಲಿ ಸಾಲವೂ ಹುಟ್ಟಿತು. ಮೀನಿನ ಸಂತತಿ ಉಳಿಯಿತು, ನಿಜ. ಆದರೆ ಕೋಟಾ ಮಾರಿಕೊಂಡ ಸಣ್ಣ ಹಳ್ಳಿಗಳಲ್ಲಿ ಬಂದರು ಇದೆ, ಮೀನು ಹಿಡಿಯುವ ಹಕ್ಕಿಲ್ಲ. ಹೋಲ್ಮ್‌ಫಾಸ್ಟುರ್ ಇದನ್ನು ನೋಡಿದ್ದರೆ ಬೆನ್ನು ಮುಟ್ಟಿಕೊಳ್ಳುತ್ತಿದ್ದ. ಬ್ಯಾಂಕುಗಳ ಕಥೆ ಎಲ್ಲರಿಗೂ ಗೊತ್ತು. 2008ರ ಅಕ್ಟೋಬರಿನಲ್ಲಿ ಮೂರು ದೊಡ್ಡ ಬ್ಯಾಂಕುಗಳು ಒಂದೇ ವಾರದಲ್ಲಿ ಮಗುಚಿಬಿದ್ದವು. ಜನ ಪಾತ್ರೆ, ಸೌಟು ಬಡಿಯುತ್ತ ಪಾರ್ಲಿಮೆಂಟಿನ ಮುಂದೆ ನಿಂತರು. ಸರ್ಕಾರ ಬಿತ್ತು. ಮೀನು ಮಾತ್ರ ಎಂದಿನಂತೆ ಹಡಗು ಹತ್ತಿತು.

ಈಗ ಪ್ರವಾಸಿಗರಿಂದ ಬರುವ ಹಣವೇ ಮೀನಿಗಿಂತ ಜಾಸ್ತಿ. ಆದರೂ ಅವರ ಒಂದು ಕ್ರೋನ ನಾಣ್ಯ ತಿರುಗಿಸಿದರೆ ಕಾಡ್, ಹತ್ತರ ನಾಣ್ಯದಲ್ಲಿ ಇನ್ನೊಂದು ಮೀನು, ಐವತ್ತರದ್ದರಲ್ಲಿ ಏಡಿ. ಮೀನಿನ ಯಾವ ಭಾಗವನ್ನೂ ಬಿಡುವುದಿಲ್ಲ. ಮೈ ಯುರೋಪಿಗೆ ಹೋಗುತ್ತದೆ. ತಲೆಯನ್ನು ನೆಲದಡಿಯ ಬಿಸಿನೀರಿನ ಶಾಖದಲ್ಲಿ ಒಣಗಿಸಿ ನೈಜೀರಿಯಾಕ್ಕೆ ಕಳಿಸುತ್ತಾರೆ, ಅಲ್ಲಿ ಅದಿಲ್ಲದೆ ಸಾರಿಗೆ ರುಚಿಯಿಲ್ಲ. ಚರ್ಮದಿಂದ ಸುಟ್ಟ ಗಾಯಕ್ಕೂ ಒಣಗದ ಹುಣ್ಣಿಗೂ ಹಚ್ಚುವ ಪಟ್ಟಿ ಮಾಡುತ್ತಾರೆ. ವಾಯವ್ಯದ ಈಸಾಫ್ಯೋರ್ದುರ್ ಎಂಬ ಸಣ್ಣ ಊರಿನ ಕೆರೆಸಿಸ್ ಕಂಪನಿಯ ಕೆಲಸ ಅದು. 2023ರಲ್ಲಿ ಆ ಕಂಪನಿಯನ್ನು ಇನ್ನೊಂದು ಕಂಪನಿ ಕೊಂಡಿತು, 130 ಕೋಟಿ ಡಾಲರ್‌ವರೆಗಿನ ಬೆಲೆಗೆ. ಕೊಂಡವರು ಡೆನ್ಮಾರ್ಕಿನವರು. ಈ ಸಲ ಬೆಲೆ ಹೇಳಿದ್ದು ಇವರು.