ಹಿಡಿಯೋಕೆ ಹತ್ತು ಟೂಲು, ಬಿಡಿಸೋಕೆ ಒಂದೂ ಇಲ್ಲ

ಮನೇಲಿ ಟೂಲ್ ಬಾಕ್ಸ್ ಅನ್ನೋದು ಇದ್ದರೆ ಒಮ್ಮೆ ತೆಗೆದು ನೋಡಿ. ಕಟಿಂಗ್ ಪ್ಲೇಯರ್, ಇಕ್ಕಳ, ಪೈಪ್ ರೆಂಚು, ಪುಟ್ಟದೊಂದು ವೈಸು, ಸ್ವಲ್ಪ ಹುಚ್ಚು ಜಾಸ್ತಿ ಇದ್ದರೆ ಸಿ-ಕ್ಲಾಂಪು. ಎಲ್ಲವೂ ಹಿಡಿಯೋವು, ಅಮುಕೋವು. ಎರಡು ಕಬ್ಬಿಣದ ನಡುವೆ ನಿಂತು "ನೀನು ಆ ಕಡೆ ಸರಿ, ನೀನು ಈ ಕಡೆ ಸರಿ" ಅಂತ ಬಿಡಿಸೋ ಟೂಲು ಒಂದಾದರೂ ಇದೆಯಾ? ನನ್ನ ಹತ್ತಿರವೂ ಬಹಳ ವರ್ಷ ಇರಲಿಲ್ಲ. ಆ ಕೆಲಸಕ್ಕೆ ಅಂತ ನಾವೆಲ್ಲ ಎಳೆದು ತರೋದು ಪಾಪದ ಸ್ಕ್ರೂಡ್ರೈವರನ್ನ. ತಿರುಪು ತಿರುಗಿಸೋಕೆ ಹುಟ್ಟಿದ ಪ್ರಾಣಿ ಅದು. ಅದನ್ನೇ ಉಳಿ ಮಾಡ್ತೀವಿ, ಬೆಣೆ ಮಾಡ್ತೀವಿ, ಸನ್ನೆಕೋಲು ಮಾಡ್ತೀವಿ, ಕೊನೆಗೆ ತುದಿ ಮುರಿದಾಗ ಕಂಪನಿ ಸರಿ ಇಲ್ಲ ಅಂತ ಬೈತೀವಿ.

ಇದನ್ನ ಬರೆಯೋಕೆ ಕಾರಣ ಕಳೆದ ಭಾನುವಾರದ ಗೇರ್ ಲಿವರ್ ಪ್ರಸಂಗ.

ನನ್ನದು ಹಳೇ ನೂರು ಸಿಸಿ ಬೈಕು. ಚೈನ್ ಸ್ಪ್ರಾಕೆಟ್ ಬದಲಾಯಿಸಬೇಕಿತ್ತು. ಮುಂದಿನ ಪುಟ್ಟ ಸ್ಪ್ರಾಕೆಟ್ ಕೈಗೆ ಸಿಗಬೇಕಾದರೆ ಎಡಗಡೆ ಕವರ್ ಬಿಚ್ಚಬೇಕು, ಕವರ್ ಬಿಚ್ಚಬೇಕಾದರೆ ಗೇರ್ ಲಿವರ್ ತೆಗೀಬೇಕು. ಗೇರ್ ಲಿವರ್ ಗೊತ್ತಲ್ಲ, ಶಾಫ್ಟಿನ ಹಲ್ಲುಗಳ ಮೇಲೆ ಕೂತಿರುತ್ತೆ. ಅದರ ಕುತ್ತಿಗೆಯಲ್ಲಿ ಒಂದು ಸೀಳು, ಸೀಳಿನ ಎರಡು ಕಿವಿಗಳನ್ನ ಒಂದು ಬೋಲ್ಟು ಹತ್ತಿರ ಎಳೆದು ಬಿಗಿ ಮಾಡಿರುತ್ತೆ. ಹತ್ತು ನಂಬರ್ ಸ್ಪ್ಯಾನರಿನ ಬೋಲ್ಟು. ಬೋಲ್ಟ್ ತೆಗೆದ ಮೇಲೆ ಲಿವರ್ ತಾನಾಗಿ ಜಾರಿ ಬರಬೇಕು ಅನ್ನೋದು ಪುಸ್ತಕದ ಮಾತು. ನಮ್ಮದು ಶಿವಮೊಗ್ಗ ಸೀಮೆ. ನಾಲ್ಕು ಮಳೆಗಾಲ ಕುಡಿದ ಲಿವರು ಶಾಫ್ಟಿಗೆ ತಾಳಿ ಕಟ್ಟಿಸಿಕೊಂಡ ಹಾಗೆ ಕೂತುಬಿಟ್ಟಿರುತ್ತೆ.

ಹತ್ತು ವರ್ಷದ ಹಿಂದೆ ಇದೇ ಕೆಲಸಕ್ಕೆ ಕೂತು ಏನು ಮಾಡಿದ್ದೆ ಅಂತ ಹೇಳಿಬಿಡ್ತೀನಿ, ನಾಚಿಕೆ ಏನಿಲ್ಲ. ಮೊದಲನೇ ತಪ್ಪು, ಬೋಲ್ಟನ್ನ ಸಡಿಲ ಮಾಡಿದೆ, ಪೂರ್ತಿ ಹೊರಗೆ ತೆಗೀಲಿಲ್ಲ. ಇಂಥ ಲಿವರುಗಳಲ್ಲಿ ಬೋಲ್ಟು ಶಾಫ್ಟಿನ ಮೇಲಿರೋ ಒಂದು ಕಾಲುವೆಯೊಳಗೆ ಹಾದು ಹೋಗಿರುತ್ತೆ, ಅದು ಪೂರ್ತಿ ಬರದೆ ಲಿವರ್ ಒಂದು ಕೂದಲೆಳೆಯಷ್ಟೂ ಅಲ್ಲಾಡಲ್ಲ. ಎರಡನೇ ತಪ್ಪು, ಅಲ್ಲಾಡದ್ದಕ್ಕೆ ಸಿಟ್ಟು ಬಂದು ಹಿಂದಿನಿಂದ ಸುತ್ತಿಗೆಯಲ್ಲಿ ಹೊಡೆದೆ. ಮೂರನೇದು, ದೊಡ್ಡ ಸ್ಕ್ರೂಡ್ರೈವರನ್ನ ಸೀಳಿಗೆ ಇಟ್ಟು ತಲೆ ಮೇಲೆ ಬಾರಿಸಿದೆ. ಟಣ್ ಅಂತ ಶಬ್ದ ಬಂತು. ಬಿಟ್ಟಿತು ಅಂದುಕೊಂಡೆ. ಸ್ಕ್ರೂಡ್ರೈವರಿನ ತುದಿ ಮುರಿದು ಎಲ್ಲೋ ಹಾರಿತ್ತು, ಲಿವರಿನ ಒಂದು ಕಿವಿಯ ಬುಡದಲ್ಲಿ ಕೂದಲಿನಂಥ ಬಿರುಕು. ಶಾಫ್ಟಿನ ಆಯಿಲ್ ಸೀಲ್ ಆವತ್ತಿನಿಂದ ಜಿನುಗೋಕೆ ಶುರುವಾಯ್ತು. ಸುತ್ತಿಗೆ ಪೆಟ್ಟು ತಿಂದದ್ದು ಲಿವರ್ ಒಂದೇ ಅಲ್ಲ, ಒಳಗಿನ ಶಾಫ್ಟೂ ತಿಂದಿತ್ತು. ಒಂದು ಪುಟ್ಟ ಸೀಳನ್ನ ಒಂದು ಎಳೆ ಅಗಲ ಮಾಡೋ ಕೆಲಸಕ್ಕೆ ಲಿವರು, ಸೀಲು, ಸ್ಕ್ರೂಡ್ರೈವರು ಮೂರೂ ಬಲಿ.

ಈ ಸಲ ಹಾಗೆ ಮಾಡಲಿಲ್ಲ. ಬೋಲ್ಟನ್ನ ಪೂರ್ತಿ ತೆಗೆದೆ. ಸೀಳಿನ ಎರಡು ಕಿವಿಗಳಲ್ಲಿ ಒಂದಕ್ಕೆ ಬರೀ ತೂತು ಇರುತ್ತೆ, ಇನ್ನೊಂದಕ್ಕೆ ಮರೆ, ಅಂದರೆ ಬೋಲ್ಟು ತಿರುಗಿ ಕಚ್ಚಿಕೊಳ್ಳೋ ಸುತ್ತುಗೆರೆ (ಥ್ರೆಡ್) ಇರುತ್ತೆ. ಸಾಮಾನ್ಯವಾಗಿ ಬೋಲ್ಟು ಬರೀ ತೂತಿನ ಕಡೆಯಿಂದ ಒಳಗೆ ಹೋಗಿ ಆಚೆ ಕಿವಿಯ ಮರೆಗೆ ಸಿಕ್ಕಿ ಎರಡನ್ನೂ ಹತ್ತಿರ ಎಳೆಯುತ್ತೆ. ಅದೇ ಬೋಲ್ಟನ್ನ ಉಲ್ಟಾ ಮಾಡಿ, ಮರೆ ಇರೋ ಕಡೆಯಿಂದ ತಿರುಗಿಸಿದರೆ? ಸೀಳಿಗೆ ಬಂದು ಎದುರು ಕಿವಿಯ ತೂತಿನಲ್ಲಿ ತೂರಿ ಹೋಗುತ್ತೆ, ಏನೂ ಆಗಲ್ಲ. ಆದರೆ ಆ ತೂತಿಗೆ ಬಾಗಿಲು ಹಾಕಿದರೆ? ಅಂದರೆ ಸೀಳಿನೊಳಗೆ ಒಂದು ನಾಣ್ಯ ಇಟ್ಟರೆ? ಬೋಲ್ಟಿನ ಮೂತಿ ನಾಣ್ಯಕ್ಕೆ ಒತ್ತುತ್ತೆ, ನಾಣ್ಯ ಎದುರು ಕಿವಿಯನ್ನ ಒತ್ತುತ್ತೆ, ಮರೆ ಇರೋ ಕಿವಿ ಹಿಂದಕ್ಕೆ ಸರಿಯುತ್ತೆ. ಹಿಡಿದಿಟ್ಟ ಬೋಲ್ಟೇ ಬಿಡಿಸೋ ಬೋಲ್ಟು!

ನನ್ನ ಜೇಬಲ್ಲಿ ಆವತ್ತು ನಾಣ್ಯ ಇರಲಿಲ್ಲ. ಈಗ ಯಾರ ಜೇಬಲ್ಲಿರುತ್ತೆ, ಎಲ್ಲ ಫೋನಲ್ಲೇ. ಪಕ್ಕದ ಮನೆ ಹುಡುಗ ನೋಡ್ತಾ ನಿಂತಿದ್ದ, ಅವನ ಹತ್ತಿರ ಒಂದು ರೂಪಾಯಿ ಸಾಲ ತಗೊಂಡೆ. ಸೀಳಿಗೆ ಇಟ್ಟೆ. ಸೀಳಿನ ಬಾಯಿಗೆ ಒಂದೆರಡು ಹನಿ ಎಣ್ಣೆ ಬಿಟ್ಟು ಚಹಾ ಕುಡಿದು ಬಂದೆ. ಎಂ6 ಬೋಲ್ಟು, ಮರೆಯ ಪಿಚ್ಚು 1 ಮಿಲಿಮೀಟರ್. ಅಂದರೆ ಸ್ಪ್ಯಾನರ್ ಒಂದು ಪೂರ್ತಿ ಸುತ್ತು ತಿರುಗಿದರೆ ಬೋಲ್ಟು ಮುಂದೆ ಹೋಗೋದು 1 ಮಿಲಿಮೀಟರ್. ನಾಣ್ಯಕ್ಕೆ ತಾಗಿದ ಮೇಲೆ ಅರ್ಧ ಸುತ್ತು ತಿರುಗಿಸಿದೆ, ಅಷ್ಟೇ. ತುಕ್ಕಿನ ಒಂದು ಗೆರೆ ಟಿಕ್ ಅಂತ ಒಡೆದದ್ದು ಕೈಗೆ ಗೊತ್ತಾಯ್ತು. ಎರಡು ಬೆರಳಲ್ಲಿ ಲಿವರ್ ಹಿಡಿದು ಆಚೀಚೆ ಆಡಿಸಿದೆ, ಬಂತು. ಸುತ್ತಿಗೆ ಮುಟ್ಟಲೇ ಇಲ್ಲ.

(ನಾಣ್ಯ ಕರಗಿಸೋದು, ನಾಶ ಮಾಡೋದು ನಾಣ್ಯ ಕಾಯ್ದೆ, 2011ರ ಪ್ರಕಾರ ಅಪರಾಧ. ನಾನು ನಾಶ ಏನೂ ಮಾಡಲಿಲ್ಲ, ಆದರೂ ನೀವು ಹಳೇ ಹ್ಯಾಕ್ಸಾ ಬ್ಲೇಡಿನ ತುಂಡೋ, ಉಕ್ಕಿನ ಪಟ್ಟಿಯ ಚೂರೋ ಇಟ್ಟುಕೊಳ್ಳಿ. ಸಾಲ ಮಾಡೋದು ತಪ್ಪುತ್ತೆ.)

ನಮ್ಮ ಮಾವ ಭದ್ರಾವತಿ ಕಬ್ಬಿಣದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. 1923ರಲ್ಲಿ ಶುರುವಾದ ಕಾರ್ಖಾನೆ, ನಮ್ಮ ಕಡೆ ಎಷ್ಟೋ ಮನೆಗಳಿಗೆ ಅನ್ನದ ಜೊತೆ ಕೈಕೆಲಸವನ್ನೂ ಕೊಟ್ಟದ್ದು. ಪೈಪ್ ಲೈನಿನ ಫ್ಲ್ಯಾಂಜ್ (ಎರಡು ಪೈಪುಗಳ ತುದಿ ಜೋಡಿಸೋ ಬಿಲ್ಲೆ) ಬಿಡಿಸಿ, ನಡುವೆ ಸೋರದ ಹಾಗೆ ತಡೆಯೋ ಗ್ಯಾಸ್ಕೆಟ್ ಬದಲಾಯಿಸೋ ಕೆಲಸದ ಬಗ್ಗೆ ಅವರು ಹೇಳೋದನ್ನ ಕೇಳಬೇಕು. ಎರಡು ದಪ್ಪ ಬಿಲ್ಲೆಗಳು ಮುಖಕ್ಕೆ ಮುಖ ಕೊಟ್ಟು ಕೂತಿರುತ್ತವೆ, ನಡುವೆ ಬೆರಳೂ ಹೋಗಲ್ಲ. ಒಂದೇ ಕಡೆ ಬೆಣೆ ಹೊಡೆದರೆ ಆ ಕಡೆ ಮಾತ್ರ ಬಾಯಿ ಬಿಡುತ್ತೆ, ಎದುರು ಕಡೆ ಇನ್ನೂ ಕಚ್ಚಿಕೊಳ್ಳುತ್ತೆ, ಮುಖ ಗೀರುತ್ತೆ. ಅದಕ್ಕೆ ಎದುರುಬದುರಾಗಿ ಎರಡು ಕಡೆ ಬೆಣೆ ಇಟ್ಟು, ಇಲ್ಲಿ ಸ್ವಲ್ಪ ಅಲ್ಲಿ ಸ್ವಲ್ಪ ಬಿಡಿಸ್ತಾ ಬರಬೇಕು. ಬೋಲ್ಟುಗಳನ್ನ ಎಲ್ಲ ಕಿತ್ತು ಹಾಕಬಾರದು, ಒಂದೆರಡು ಸಡಿಲವಾಗಿ ಇರಲೇಬೇಕು. ಬೆರಳು ಮಾತ್ರ ಯಾವತ್ತೂ ಸಂದಿಯೊಳಗೆ ಹೋಗಬಾರದು. ಅರ್ಧ ಸೀಳಿದ ಮರದಿಂದ ಬೆಣೆ ಕಿತ್ತು ಬಾಲ ಸಿಕ್ಕಿಸಿಕೊಂಡ ಕೋತಿ ಕಥೆ ಗೊತ್ತಲ್ಲ, ಬಲವಂತವಾಗಿ ಅಗಲಿಸಿದ ಲೋಹವೂ ಹಾಗೇ, ಬೆಣೆ ಜಾರಿದ ಕ್ಷಣ ಹಲ್ಲು ಕಚ್ಚುತ್ತೆ. ಈಗ ಇದಕ್ಕೆ ಅಂತಲೇ ಮೆಟ್ಟಿಲು ಮೆಟ್ಟಿಲಾಗಿರೋ ಬೆಣೆಯ ಟೂಲು ಬರುತ್ತೆ, ಸ್ಪ್ಯಾನರಿನಲ್ಲಿ ಬೋಲ್ಟು ತಿರುಗಿಸಿದರೆ ನಿಧಾನಕ್ಕೆ ತೆರೆದುಕೊಳ್ಳುತ್ತೆ. ಮಾವನ ಕಾಲದಲ್ಲಿ ಅವರೇ ಕಮ್ಮಾರನ ಹತ್ತಿರ ಬೆಣೆ ಮಾಡಿಸಿಕೊಂಡಿದ್ದರು, ಜೋಡಿ ಜೋಡಿ.

ಹಂಪಿಗೆ ಹೋದಾಗ ಬಂಡೆಗಳ ಮೇಲೆ ಸಾಲಾಗಿ ಕೊರೆದ ಪುಟ್ಟ ಪುಟ್ಟ ಗುಳಿಗಳನ್ನ ನೋಡಿರಬೇಕಲ್ಲ? ಅದೂ ಇದೇ ಲೆಕ್ಕ. ಒಂದೇ ದೊಡ್ಡ ಪೆಟ್ಟಲ್ಲ, ಸಾಲು ಬೆಣೆ, ಸಮನಾದ ಒತ್ತಡ. ಅಷ್ಟು ದೊಡ್ಡ ಬಂಡೆ ಗೆರೆ ಎಳೆದ ಹಾಗೆ ಸೀಳಿರುತ್ತೆ.

ನನ್ನ ವಾದ ಇಷ್ಟೇ. ಎರಡು ಲೋಹದ ತುಂಡನ್ನ ಅಗಲಿಸೋ ಟೂಲು ಆ ಎರಡನ್ನ ಬಿಟ್ಟು ಮೂರನೇದಕ್ಕೆ ಒರಗಬಾರದು. ಸನ್ನೆ ಹಾಕಿ ಮೀಟಿದಿರೋ, ಮೀಟೋಕೆ ಆಧಾರ ಬೇಕು. ಆ ಆಧಾರ ಯಾವುದು? ಪಕ್ಕದಲ್ಲಿರೋ ಎಂಜಿನ್ ಕವರು, ಬ್ರೇಕ್ ಡಿಸ್ಕು, ಪ್ಲಾಸ್ಟಿಕ್ ಪೈಪು. ಮುರಿಯೋದು ಅದೇ. ನಾಣ್ಯ-ಬೋಲ್ಟು ನೋಡಿ, ಅದು ಒತ್ತೋದು ಎರಡು ಕಿವಿಗಳನ್ನ ಮಾತ್ರ. ಜೊತೆಗೆ ಮರೆ ಇರೋದರಿಂದ ಕೈ ಬಿಟ್ಟರೂ ಹಿಂದೆ ಬರಲ್ಲ, ಎಷ್ಟು ಬೇಕೋ ಅಷ್ಟಕ್ಕೆ ನಿಲ್ಲುತ್ತೆ. ಸುತ್ತಿಗೆ ಪೆಟ್ಟಿಗೆ ಈ "ಎಷ್ಟು ಬೇಕೋ ಅಷ್ಟು" ಅನ್ನೋದು ಗೊತ್ತೇ ಇಲ್ಲ.

ಕಾರಿನ ಕೆಲಸದಲ್ಲಿ ಇದಕ್ಕೆ ಇನ್ನೊಂದು ಚಂದದ ಉಪಾಯ ಇದೆ. ಫೋಕ್ಸ್‌ವ್ಯಾಗನ್ ಪೋಲೊ ಥರದ ಕಾರುಗಳಲ್ಲಿ ಮುಂದಿನ ಶಾಕ್ ಅಬ್ಸಾರ್ಬರಿನ ಬುಡ ಚಕ್ರದ ಬೇರಿಂಗ್ ಹೌಸಿಂಗಿನ ಸೀಳು ತೋಳಿನೊಳಗೆ ಕೂತಿರುತ್ತೆ, ಗೇರ್ ಲಿವರಿನದ್ದೇ ಅಣ್ಣ ಅನ್ನಿ. ಅದನ್ನ ಬಿಡಿಸೋಕೆ ಬರೋ ಟೂಲು ನೋಡೋಕೆ ಏನೂ ಇಲ್ಲ, ಸಾಕೆಟಿಗೆ ಹಾಕೋ ಒಂದು ಬಿಟ್ಟು. ಅದರ ಮೂತಿ ಮಾತ್ರ ಅಂಡಾಕಾರ, ಒಂದು ಕಡೆ 5.5 ಮಿಲಿಮೀಟರ್, ಇನ್ನೊಂದು ಕಡೆ 8.2. ಕಿರಿದಾದ ಕಡೆಯಿಂದ ಸೀಳಿಗೆ ತೂರಿಸಿ ಕಾಲು ಸುತ್ತು ತಿರುಗಿಸಿದರೆ ಆಯ್ತು, ಅಗಲದ ಕಡೆ ಅಡ್ಡ ನಿಂತುಕೊಳ್ಳುತ್ತೆ, ಸೀಳು ತೆರೆದೇ ಇರುತ್ತೆ. ಎರಡೂ ಕೈ ಖಾಲಿ. ಅದೇ ಕೆಲಸಕ್ಕೆ ಒಂದು ಗ್ಯಾರೇಜಲ್ಲಿ ಉಳಿ ಇಟ್ಟು ಐದು ಕೇಜಿ ಸುತ್ತಿಗೆಯಲ್ಲಿ ಬಾರಿಸ್ತಾ ಇದ್ದದ್ದನ್ನ ಕಣ್ಣಾರೆ ಕಂಡಿದ್ದೀನಿ. ಭಾವನ ಕಾರು ಅದು. ಪ್ರತಿ ಪೆಟ್ಟಿಗೂ ಭಾವನ ಮುಖ ನೋಡಬೇಕಿತ್ತು.

"ಸ್ಕ್ರೂಡ್ರೈವರ್ ತೂರಿಸಿ ತಿರುಗಿಸಿದರೂ ಅದೇ ಅಲ್ವಾ ಆಗೋದು?" ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ತತ್ವ ಅದೇ. ಆದರೆ ಸ್ಕ್ರೂಡ್ರೈವರಿನ ಅಲಗು ತುದಿಗೆ ಹೋಗ್ತಾ ತೆಳುವಾಗುತ್ತೆ, ಹಾಗಾಗಿ ಒತ್ತಡ ಬಿದ್ದಷ್ಟೂ ಹೊರಗೆ ಜಾರುತ್ತೆ. ಮೂಲೆ ಚೂಪು, ಎರಡು ಚುಕ್ಕೆಯಲ್ಲಿ ಮಾತ್ರ ಕಚ್ಚಿ ಗೀರು ಹಾಕುತ್ತೆ. ತುದಿಗೆ ಹದ ಹಾಕಿ ಗಟ್ಟಿ ಮಾಡಿರ್ತಾರೆ, ಗಟ್ಟಿ ಅಂದರೆ ಪಟ್ಟನೆ ಮುರಿಯೋ ಸ್ವಭಾವ. ಅಂಡಾಕಾರದ ಬಿಟ್ಟಿನ ಬದಿಗಳು ನೇರ, ದುಂಡು, ಜಾರೋ ಮಾತಿಲ್ಲ.

ಅಗಲಿಸೋ ಮೊದಲು ಎದುರಿಗಿರೋದು ಯಾವ ಲೋಹ ಅಂತಲೂ ನೋಡಬೇಕು, ಇದನ್ನ ಯಾರೂ ನೋಡಲ್ಲ. ಉಕ್ಕು ಸ್ಪ್ರಿಂಗಿನ ಹಾಗೆ, ಸ್ವಲ್ಪ ತೆರೆದು ಬಿಟ್ಟರೆ ವಾಪಸ್ ಬರುತ್ತೆ. ಅಲ್ಯೂಮಿನಿಯಮ್ಮಿನ ಬಿಗಿ, ಅಂದರೆ ಬಾಗದೆ ತಡೆಯೋ ಗುಣ, ಉಕ್ಕಿನದ್ದರ ಮೂರನೇ ಒಂದು ಭಾಗದಷ್ಟು. ಅದಕ್ಕೇ ಕೈಗೆ ಸಲೀಸಾಗಿ ತೆರೆದುಕೊಳ್ಳುತ್ತೆ, "ಓ ಬಂತು" ಅಂತ ಇನ್ನೂ ತಿರುಗಿಸ್ತೀವಿ, ಆಮೇಲೆ ಮುಚ್ಚಿಕೊಳ್ಳೋದೇ ಇಲ್ಲ. ಬೀಡು ಅಂದರೆ ಎರಕದ ಕಬ್ಬಿಣ ತೆರೆಯೋದೂ ಇಲ್ಲ ಬಾಗೋದೂ ಇಲ್ಲ, ಸೀದಾ ಒಡೆಯುತ್ತೆ. ಬೀಡಿನ ಮೋಟಾರ್ ಪಂಪಿನ ಕಿವಿಗೆ ಬೆಣೆ ಹೊಡೆದವರು ಈ ಪ್ಯಾರಾ ಓದಿ ನಿಟ್ಟುಸಿರು ಬಿಡ್ತಾರೆ.

ಇನ್ನು ಅಂಗಡಿ ಕಥೆ. ಬಿಡಿಸೋ ಟೂಲಿಗೆ ನಮ್ಮ ಬಾಯಲ್ಲಿ ಒಂದು ಹೆಸರೇ ಇಲ್ಲ, ಅರ್ಧ ಕಷ್ಟ ಅದೇ. ಶಾಫ್ಟಿನ ಮೇಲಿನ ಸರ್ಕ್ಲಿಪ್ (ಭಾಗಗಳು ಜಾರದ ಹಾಗೆ ತಡೆಯೋ, ಬಾಯಿ ಬಿಟ್ಟ ಸ್ಪ್ರಿಂಗ್ ಉಂಗುರ) ತೆಗೆಯೋಕೆ ಪ್ಲೇಯರ್ ತರೋಣ ಅಂತ ಹೋಗಿದ್ದೆ.

"ಸರ್ಕ್ಲಿಪ್ ಪ್ಲೇಯರ್ ಕೊಡಿ."

ಕೊಟ್ಟರು. ಹಿಡಿ ಅಮುಕಿದೆ, ಮೂತಿಯೂ ಮುಚ್ಚಿತು.

"ಇದಲ್ಲ, ಅಮುಕಿದರೆ ಬಾಯಿ ತೆರೀಬೇಕು."

"ಸಾರ್, ಪ್ಲೇಯರ್ ಅಂದ್ರೆ ಅಮುಕಿದ್ರೆ ಮುಚ್ಚೋದೇ ಅಲ್ವಾ?"

ಪಾಪ, ಅವರದ್ದೇನು ತಪ್ಪು. ತೂತಿನ ಒಳಗೆ ಕೂರೋ ಸರ್ಕ್ಲಿಪ್ಪಿಗೆ ಮುಚ್ಚೋ ಪ್ಲೇಯರು, ಶಾಫ್ಟಿನ ಮೇಲೆ ಕೂರೋದಕ್ಕೆ ತೆರೆಯೋ ಪ್ಲೇಯರು. ಒಂದು ಇಂಟರ್ನಲ್, ಇನ್ನೊಂದು ಎಕ್ಸ್‌ಟರ್ನಲ್. ಎಕ್ಸ್‌ಟರ್ನಲ್ ಅಂತ ಕೇಳಿ, ಜೊತೆಗೆ ಶಾಫ್ಟಿನ ಅಳತೆ ಹೇಳಿ. ತಂದ ಮೇಲೆ ಕ್ಲಿಪ್ಪನ್ನ ಶಾಫ್ಟಿಂದ ಜಾರುವಷ್ಟು ಮಾತ್ರ ತೆರೆಯಿರಿ, ಹೆಚ್ಚು ತೆರೆದರೆ ಅದರ ಬಿಗಿಯೇ ಹೋಗುತ್ತೆ. ಕನ್ನಡಕ ಹಾಕಿಕೊಳ್ಳಿ. ಜಾರಿದ ಸರ್ಕ್ಲಿಪ್ಪು ಎಲ್ಲಿಗೆ ಹಾರುತ್ತೆ ಅಂತ ಬ್ರಹ್ಮನೂ ಹೇಳಲಾರ.

ಟೂಲು ಅಂದರೆ ದುಡ್ಡು ಕೊಟ್ಟು ತರೋದೇ ಆಗಬೇಕಿಲ್ಲ. ಒಂದು ತುಂಡು ಥ್ರೆಡ್ಡೆಡ್ ರಾಡು (ಉದ್ದಕ್ಕೂ ಮರೆ ಇರೋ ಸರಳು), ಎರಡು ನಟ್ಟು, ಎರಡು ದಪ್ಪ ವಾಷರು, ಇಷ್ಟಿದ್ದರೆ ಒಳಗಿನಿಂದ ಹೊರಗೆ ಒತ್ತೋ ಯಂತ್ರ ಸಿದ್ಧ. ಕಾರಿನ ಡಿಕ್ಕಿಯಲ್ಲಿ ಸ್ಟೆಪ್ನಿ ಪಕ್ಕ ಮಲಗಿರೋ ಕತ್ತರಿ ಜಾಕು ಅದಕ್ಕಿಂತ ದೊಡ್ಡ ಯಂತ್ರ. ಹೋದ ವರ್ಷ ನಮ್ಮ ಬೀದಿಯ ಒಂದು ಎಳೆಗರು ಗೇಟಿನ ಸರಳುಗಳ ನಡುವೆ ತಲೆ ತೂರಿಸಿ ಸಿಕ್ಕಿಕೊಂಡಿತು. ಒಳಗಿನ ಬಾಳೆಸಿಪ್ಪೆ ಆಸೆ. ಹೋಗುವಾಗ ಕಿವಿ ಹಿಂದಕ್ಕೆ ಮಡಚಿಕೊಂಡು ಹೋಗಿತ್ತು, ಬರುವಾಗ ಕಿವಿ ಅಡ್ಡ. ಒಬ್ಬರು ಸೋಪು ಹಚ್ಚಿ ಅಂದರು, ಒಬ್ಬರು ಗ್ರೈಂಡರ್ ತರ್ತೀನಿ ಅಂತ ಓಡೋಕೆ ಹೊರಟರು. ಕರುವಿನ ಕಣ್ಣೆದುರು ಗ್ರೈಂಡರ್ ಕಿಡಿ! ಜಾಕು ತಂದು, ಕರುವಿನ ತಲೆಯಿಂದ ಒಂದು ಅಡಿ ಮೇಲೆ, ಅದೇ ಎರಡು ಸರಳುಗಳ ನಡುವೆ ಅಡ್ಡ ಇಟ್ಟೆ. ಜಾರದಿರಲಿ ಅಂತ ಎರಡೂ ತುದಿಗೆ ಹಳೇ ಟ್ಯೂಬಿನ ತುಂಡು. ಒಬ್ಬರು ಜಾಕು ಹಿಡಿದರು, ಒಬ್ಬರು ಕರುವಿನ ಬೆನ್ನು ಸವರಿದರು, ನಾನು ಹಿಡಿ ತಿರುಗಿಸಿದೆ. ಸರಳು ಬಾಗೋದು ಕಣ್ಣಿಗೆ ಕಾಣ್ತಾ ಇತ್ತು. ಒಂದಿಂಚು ಅಗಲ ಆಗೋದರೊಳಗೆ ಕರು ತಾನೇ ತಲೆ ಓರೆ ಮಾಡಿ ಹಿಂದೆ ಸರಿದು, ಏನೂ ಆಗದವರ ಹಾಗೆ ಬಾಲ ಎತ್ತಿಕೊಂಡು ಹೋಯ್ತು. ಸರಳು ಅರ್ಧದಷ್ಟು ವಾಪಸ್ ಬಂತು, ಉಳಿದ ಅರ್ಧ ಡೊಂಕು ಹಾಗೇ ಇದೆ. ಗೇಟಿನ ಯಜಮಾನರು ಈಗಲೂ ನನ್ನ ಕಂಡರೆ ಮೊದಲು ನೋಡೋದು ಆ ಡೊಂಕನ್ನ.

ಗೇರ್ ಲಿವರಿಗೆ ವಾಪಸ್ ಬರ್ತೀನಿ. ಶಾಫ್ಟಿನ ಹಲ್ಲುಗಳನ್ನ ವೈರ್ ಬ್ರಷ್ಷಲ್ಲಿ ಉಜ್ಜಿ, ಚೂರು ಗ್ರೀಸ್ ಹಚ್ಚಿ, ಲಿವರ್ ಕೂರಿಸಿ, ಬೋಲ್ಟನ್ನ ಅದರ ಸರಿಯಾದ ಕಡೆಯಿಂದಲೇ ಬಿಗಿ ಮಾಡಿದೆ. ಕೈ ತೊಳೆದು ಬರೋದರೊಳಗೆ ಪಕ್ಕದ ಮನೆ ಹುಡುಗ ಕೈ ಚಾಚಿ ನಿಂತಿದ್ದ. ನಾಣ್ಯ ವಾಪಸ್ ಕೊಟ್ಟೆ. ಬೋಲ್ಟಿನ ಮೂತಿ ಒತ್ತಿದ ಕಡೆ ಸಣ್ಣ ಉಂಗುರದಂಥ ಗುರುತು ಬಿದ್ದಿತ್ತು. ತಿರುಗಿಸಿ ತಿರುಗಿಸಿ ನೋಡಿದ, ಅಂಗಡಿಯವರು ತಗೊಳ್ಳಲ್ಲ, ಬೇರೆ ಕೊಡಿ ಅಂದ. ನನ್ನ ಹತ್ತಿರ ಬೇರೆ ಇರಲಿಲ್ಲ. ಸಂಜೆ ಬಂದು ಹೇಳಿದ, ತಗೊಂಡರಂತೆ.