ಗುಂಡು ಹೊತ್ತವರು ಯುದ್ಧ ಮಾಡಲಿಲ್ಲವೇ?

ಜಪಾನಿನ ಇವೊ ಜಿಮಾ ದ್ವೀಪದ ಗುಡ್ಡದ ಮೇಲೆ ಆರು ಜನ ಅಮೆರಿಕನ್ ಮರೀನ್ ಸೈನಿಕರು ಬಾವುಟ ನೆಡುತ್ತಿರುವ ಫೋಟೊ ನೀವೂ ನೋಡಿರುತ್ತೀರಿ. 1945ರ ಫೆಬ್ರವರಿ 23ರಂದು ತೆಗೆದದ್ದು. ಎರಡನೇ ಮಹಾಯುದ್ಧದ ಬಗ್ಗೆ ಯಾರು ಏನು ಬರೆದರೂ ಪಕ್ಕದಲ್ಲಿ ಅದನ್ನೇ ಹಾಕುತ್ತಾರೆ. ಆ ಹೊತ್ತಿಗೆ ಗುಡ್ಡದ ಕೆಳಗಿನ ಕಡಲ ದಂಡೆಯಲ್ಲಿ ಅದೇ ಮರೀನ್ ಕೋರ್‌ನ ಇನ್ನೊಂದಿಷ್ಟು ಜನ ಮದ್ದುಗುಂಡಿನ ಪೆಟ್ಟಿಗೆ ಹೊರುತ್ತಿದ್ದರು. 8ನೇ ಅಮ್ಯುನಿಷನ್ (ಮದ್ದುಗುಂಡು) ಕಂಪನಿ, 36ನೇ ಡಿಪೋ (ಸರಕು ಸಾಗಿಸುವ) ಕಂಪನಿ ಅನ್ನುವ ತುಕಡಿಗಳವರು. ಹೊರುವವರೆಲ್ಲರೂ ಕಪ್ಪು ವರ್ಣೀಯರು. ಅವರ ಬಗ್ಗೆ ಓದುತ್ತಾ ಹೋದಂತೆ ನನಗೆ ನಿದ್ದೆ ಬಾರದ ಹಾಗಾಯಿತು, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಅಮೆರಿಕದ ಮರೀನ್ ಕೋರ್ ಅಂದರೆ ಹಡಗಿನಿಂದ ಇಳಿದು ದಡದಲ್ಲಿ ಹೋರಾಡುವ ಪದಾತಿ ಪಡೆ. 1942ರವರೆಗೆ ಕಪ್ಪು ವರ್ಣೀಯರಿಗೆ ಅಲ್ಲಿ ಪ್ರವೇಶವೇ ಇರಲಿಲ್ಲ. ಅಧ್ಯಕ್ಷ ರೂಸ್‌ವೆಲ್ಟ್ 1941ರ ಜೂನ್‌ನಲ್ಲಿ 8802ನೇ ಸಂಖ್ಯೆಯ ಆದೇಶ ಹೊರಡಿಸಿ, ರಕ್ಷಣಾ ಕ್ಷೇತ್ರದಲ್ಲಿ ಜನಾಂಗದ ಭೇದ ಮಾಡಬೇಡಿ ಅಂದ ಮೇಲೆಯೇ ಬಾಗಿಲು ಸ್ವಲ್ಪ ತೆರೆದದ್ದು. ಅದೂ ಮನಸ್ಸಿಲ್ಲದೆ. ಆಗಿನ ಕಮಾಂಡಂಟ್ ಥಾಮಸ್ ಹಾಲ್ಕಂಬ್ ನೌಕಾಪಡೆಯ ಮಂಡಳಿಯ ಮುಂದೆ ಹೇಳಿದ್ದು ದಾಖಲಾಗಿದೆ: 5,000 ಬಿಳಿಯರು ಬೇಕೋ 2,50,000 ಕಪ್ಪು ಜನರು ಬೇಕೋ ಅಂತ ಕೇಳಿದರೆ ತಾನು ಬಿಳಿಯರನ್ನೇ ಆರಿಸಿಕೊಳ್ಳುತ್ತೇನೆ ಅಂತ. ತನ್ನ ಪಡೆಗೆ ಸೇರಲು ಬರುವ ಹುಡುಗರ ಬಗ್ಗೆ ಪಡೆಯ ಯಜಮಾನನೇ ಆಡಿದ ಮಾತು ಇದು.

ಅವರಿಗೆ ತರಬೇತಿಗೂ ಬೇರೆಯೇ ಜಾಗ. ನಾರ್ತ್ ಕೆರೊಲಿನಾದ ಕ್ಯಾಂಪ್ ಲೆಜೂನ್ ಪಕ್ಕದಲ್ಲಿ, ಪೈನ್ ಮರಗಳ ಕಾಡಿನ ನಡುವೆ, ಮಾಂಟ್‌ಫರ್ಡ್ ಪಾಯಿಂಟ್. 1942ರ ಆಗಸ್ಟ್ 26ರಂದು ಮೊದಲ ಹುಡುಗ ಹೊವರ್ಡ್ ಪೆರಿ ಅಲ್ಲಿಗೆ ಕಾಲಿಟ್ಟ. ವಾಸಕ್ಕೆ ಹಸಿರು ಬಣ್ಣ ಬಳಿದ ಗುಡಿಸಲುಗಳು, ಸುತ್ತ ಸೊಳ್ಳೆ, ಹಾವು. ದೊಡ್ಡ ಕ್ಯಾಂಪಿನೊಳಗೆ ಹೋಗಬೇಕಾದರೆ ಜೊತೆಗೆ ಒಬ್ಬ ಬಿಳಿಯ ಸೈನಿಕ ಇರಲೇಬೇಕು. 1949ರಲ್ಲಿ ಕ್ಯಾಂಪ್ ಮುಚ್ಚುವ ಹೊತ್ತಿಗೆ ಸುಮಾರು 20,000 ಜನ ಅಲ್ಲಿ ತರಬೇತಿ ಪಡೆದಿದ್ದರು.

ಅಲ್ಲಿಂದ ಬಂದವರಲ್ಲಿ ಎಡ್ಗರ್ ಹಫ್ ಅಂತ ಒಬ್ಬರು, ಅಲಬಾಮಾದವರು, ಆರಡಿ ದಾಟಿದ ಆಳು. ತರಬೇತಿ ಮುಗಿಸಿ ಮೊದಲ ರಜೆಗೆ ಊರಿಗೆ ಹೊರಟಿದ್ದರು. ದಾರಿಯಲ್ಲಿ ಅಟ್ಲಾಂಟಾದಲ್ಲಿ ಮಿಲಿಟರಿ ಪೊಲೀಸರು ಹಿಡಿದು ಜೈಲಿಗೆ ಹಾಕಿದರು. ಅಪರಾಧ ಏನು ಗೊತ್ತೇ? ಮರೀನ್ ಅಂತ ಸುಳ್ಳು ವೇಷ ಹಾಕಿದ್ದು! ಕಪ್ಪು ಮರೀನ್ ಅನ್ನುವವನೇ ಇಲ್ಲ, ಇವನು ಎಲ್ಲೋ ಸಮವಸ್ತ್ರ ಕದ್ದಿದ್ದಾನೆ ಅಂತ ಅವರ ತೀರ್ಮಾನ. ಮೈಮೇಲೆ ಬಟ್ಟೆ ಇದೆ, ಜೇಬಿನಲ್ಲಿ ಕಾಗದ ಇದೆ, ಆದರೂ ಕಣ್ಣೆದುರು ನಿಂತ ಮನುಷ್ಯನನ್ನು ಇಲ್ಲ ಅಂದುಬಿಟ್ಟರು. ಅದೇ ಹಫ್ ಮುಂದೆ ವಿಯೆಟ್ನಾಂ ಯುದ್ಧಕ್ಕೂ ಹೋಗಿ, ಸಾರ್ಜೆಂಟ್ ಮೇಜರ್ ಆಗಿ 1972ರಲ್ಲಿ ನಿವೃತ್ತರಾದರು.

ತರಬೇತಿ ಪಡೆದವರಲ್ಲಿ ಎರಡು ಬೆಟಾಲಿಯನ್‌ಗಳಿಗೆ, 51 ಮತ್ತು 52ನೇ ಡಿಫೆನ್ಸ್ ಬೆಟಾಲಿಯನ್‌ಗಳಿಗೆ, ಫಿರಂಗಿ ಕಲಿಸಿದರು. ಕಲಿಸಿ ಎಲ್ಲಿಗೆ ಕಳಿಸಿದರು? ಯುದ್ಧ ಆಗಲೇ ಮುಂದೆ ಸಾಗಿಹೋಗಿದ್ದ ದ್ವೀಪಗಳಿಗೆ. ಎಲಿಸ್ ದ್ವೀಪಗಳು, ಎನಿವೆಟೊಕ್, ಮಜುರೊ. ಬಾರದ ಶತ್ರುವಿಗಾಗಿ ಕಾಯುತ್ತಾ ಕೂತರು. ಉಳಿದವರದು 51 ಡಿಪೋ ಕಂಪನಿ, 12 ಅಮ್ಯುನಿಷನ್ ಕಂಪನಿ. ಕೆಲಸ ಹೊರುವುದು. ಅಧಿಕಾರಿಗಳು ಬಿಳಿಯರು, ಹೊರುವವರು ಕಪ್ಪು ಜನ.

ಮುಂಚೂಣಿಯಿಂದ ದೂರ ಇಟ್ಟಿದ್ದೇವೆ ಅಂತ ಮೇಲಿನವರು ಅಂದುಕೊಂಡಿದ್ದರು. ಆದರೆ ಕಡಲಿನಿಂದ ದಡಕ್ಕೆ ಇಳಿಯುವ ಯುದ್ಧದಲ್ಲಿ ಹಿಂದೆ ಅನ್ನುವ ಜಾಗ ಎಲ್ಲಿರುತ್ತದೆ? ದೋಣಿ ಬಂದು ತಗಲುವುದೇ ದಂಡೆಗೆ. ಶತ್ರುವಿನ ಫಿರಂಗಿ ಗುರಿ ಇಟ್ಟಿರುವುದೂ ಅದೇ ದಂಡೆಗೆ. ಮುಂದಿನವರು ನೂರಿನ್ನೂರು ಗಜ ಒಳಗೆ ನುಗ್ಗಿ ಹೊಂಡ ತೋಡಿ ತಲೆ ತಗ್ಗಿಸಬಹುದು. ಗುಂಡಿನ ಪೆಟ್ಟಿಗೆ ಹೊತ್ತವನು ಬಯಲಲ್ಲಿ ನೆಟ್ಟಗೆ ನಡೆಯಬೇಕು. ಹೋಗುವಾಗ ಗುಂಡು, ಬರುವಾಗ ಸ್ಟ್ರೆಚರ್ ಮೇಲೆ ಗಾಯಾಳು, ಮತ್ತೆ ಗುಂಡು. ಹೆಗಲ ಮೇಲೆ ಇರುವುದು ಅಕ್ಕಿ ಮೂಟೆಯಲ್ಲ, ಒಂದು ಕಿಡಿ ತಗಲಿದರೆ ಮೈಯ ಚೂರೂ ಸಿಗದಂಥ ಸರಕು.

ಪೆಸಿಫಿಕ್ ಸಾಗರದ ಸೈಪಾನ್ ದ್ವೀಪ, 1944ರ ಜೂನ್ 15. ಇಳಿದ ಮೊದಲ ದಿನವೇ 20ನೇ ಡಿಪೋ ಕಂಪನಿಯ ಕೆನೆತ್ ಟಿಬ್ಸ್ ಸತ್ತ. ಯುದ್ಧದಲ್ಲಿ ಪ್ರಾಣ ಕೊಟ್ಟ ಮೊದಲ ಕಪ್ಪು ಮರೀನ್ ಅವನೇ. ಅಲ್ಲಿ ಅವರು ನಿಂತ ರೀತಿ ನೋಡಿ ಹೊಸ ಕಮಾಂಡಂಟ್ ವಾಂಡೆಗ್ರಿಫ್ಟ್ ಹೇಳಿದರು, ಇನ್ನು ಇವರಿಗೆ ಪರೀಕ್ಷೆ ಇಲ್ಲ, ಇವರು ಮರೀನ್‌ಗಳು, ಅಷ್ಟೇ ಅಂತ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಪೆಲೆಲ್ಯು. ಬಿಸಿಲಿಗೇ ಜನ ಕುಸಿದು ಬೀಳುತ್ತಿದ್ದ ಹವಳದ ದ್ವೀಪ. ಅಲ್ಲಿ 11ನೇ ಡಿಪೋ ಕಂಪನಿಯವರು ತಾವಾಗಿಯೇ ಮುಂದೆ ಬಂದು ಗಾಯಾಳುಗಳನ್ನು ಹೊತ್ತರು, ಆಳು ಕಡಿಮೆಯಾದ ಕಡೆ ರೈಫಲ್ ಹಿಡಿದು ನಿಂತರು. ಆ ಒಂದೇ ಕಂಪನಿಯ 17 ಜನ ಗಾಯಗೊಂಡರು. ಜಪಾನಿನ ಓಕಿನಾವಾ ದ್ವೀಪದ ಯುದ್ಧದ ಹೊತ್ತಿಗೆ ಇಂಥವರು ಅಲ್ಲಿ ಸುಮಾರು 2,000 ಜನ.

ಇವೊ ಜಿಮಾಗೆ ಮತ್ತೆ ಬರುತ್ತೇನೆ. 1945ರ ಮಾರ್ಚ್ 26. ಬಾವುಟ ನೆಟ್ಟು ತಿಂಗಳು ಕಳೆದಿದೆ, ಯುದ್ಧ ಮುಗಿದೇ ಹೋಯಿತು ಅಂತ ಎಲ್ಲರೂ ನಂಬಿದ್ದಾರೆ. ಬೆಳಕು ಹರಿಯುವ ಮೊದಲೇ ಜಪಾನಿನ ಸುಮಾರು 300 ಸೈನಿಕರು ಸದ್ದಿಲ್ಲದೆ ಗುಹೆಗಳಿಂದ ಹೊರಬಿದ್ದು, ಹಿಂದಿನ ಸಾಲಿನಲ್ಲಿ ಮಲಗಿದ್ದವರ ಡೇರೆಗಳ ಮೇಲೆ ಬಿದ್ದರು. ವಿಮಾನ ನೋಡಿಕೊಳ್ಳುವವರು, ರಸ್ತೆ ಮಾಡುವವರು, ಹೊರುವವರು ಮಲಗುತ್ತಿದ್ದ ಜಾಗ ಅದು. ಕತ್ತಲಲ್ಲಿ ನಮ್ಮವರು ಯಾರು, ಅವರು ಯಾರು ಗೊತ್ತಾಗದ ಸ್ಥಿತಿ. ಅಲ್ಲಿ ಎದ್ದು ಹೋರಾಡಿದವರಲ್ಲಿ 8ನೇ ಅಮ್ಯುನಿಷನ್ ಕಂಪನಿ, 36ನೇ ಡಿಪೋ ಕಂಪನಿಯವರೂ ಇದ್ದರು. 36ನೇ ಕಂಪನಿಯ ಇಬ್ಬರಿಗೆ, ಜೇಮ್ಸ್ ವಿಟ್ಲಾಕ್ ಮತ್ತು ಜೇಮ್ಸ್ ಡೇವಿಸ್‌ಗೆ, ಕಂಚಿನ ನಕ್ಷತ್ರದ ಪದಕ ಬಂತು. ಆ ಬೆಳಗಿನ ಫೋಟೊ ಯಾರ ಮನೆಯ ಗೋಡೆಯ ಮೇಲೂ ಇಲ್ಲ.

ಇದು ನನ್ನನ್ನು ಇಷ್ಟು ಯಾಕೆ ಕಾಡುತ್ತದೆ ಅಂದರೆ, ನಮ್ಮಪ್ಪ ಸೇನೆಯಲ್ಲಿ ಲಾರಿ ಡ್ರೈವರ್. 1971ರಲ್ಲಿ ಫಿರಂಗಿ ಗುಂಡು ತುಂಬಿದ ಲಾರಿ ಓಡಿಸಿದವರು. ರಾತ್ರಿ ಹೆಡ್‌ಲೈಟ್ ಹಾಕುವ ಹಾಗಿಲ್ಲ, ಮುಂದಿನ ಲಾರಿಯ ಹಿಂಭಾಗಕ್ಕೆ ಬಳಿದ ಬಿಳಿ ಗುರುತು ನೋಡಿಕೊಂಡೇ ಹೋಗಬೇಕಿತ್ತಂತೆ. ರಜೆಗೆ ಬಂದಾಗ ಊರಿನವರು ಜಗುಲಿ ಮೇಲೆ ಕೂತು, "ಏನಣ್ಣ, ಎಷ್ಟ್ ಜನರನ್ನ ಹೊಡ್ದೆ?" ಅಂತ ಕೇಳೋರು. "ನಾನು ಲಾರಿ ಓಡಿಸ್ತಿದ್ದೆ ಕಣಪ್ಪ" ಅನ್ನುತ್ತಿದ್ದರು ಅಪ್ಪ. "ಓ, ಬರೀ ಡ್ರೈವರ್ರಾ" ಅಂತ ಅವರು ಎದ್ದು ಹೋಗುವಾಗ ಅಪ್ಪ ಚೆಂಬಿನ ನೀರು ಕುಡಿದು ಸುಮ್ಮನೆ ಒಳಗೆ ಬರುತ್ತಿದ್ದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಅಪ್ಪನಿಗೆ ಆ ಕೆಲಸ ಬಣ್ಣ ನೋಡಿ ಕೊಟ್ಟದ್ದಲ್ಲ. ಮಾಂಟ್‌ಫರ್ಡ್ ಪಾಯಿಂಟ್‌ನವರಿಗೆ ಬಣ್ಣ ನೋಡಿಯೇ ಕೊಟ್ಟರು. ಅದಕ್ಕೇ ಅವರಿಗಾದ ಅನ್ಯಾಯ ಎರಡು ಪಟ್ಟು ಅನ್ನುತ್ತೇನೆ. ಮೊದಲು, ನೀವು ಹೋರಾಡಲು ಲಾಯಕ್ಕಿಲ್ಲ, ಮೂಟೆ ಹೊರಿ ಅಂದರು. ಆಮೇಲೆ ಚರಿತ್ರೆ ಬರೆಯುವಾಗ, ನೀವು ಮೂಟೆ ಹೊತ್ತವರು, ಹೋರಾಡಿದವರಲ್ಲ ಅಂತ ಪುಟದಿಂದ ಹೊರಗಿಟ್ಟರು. ಸತ್ತವರ ಲೆಕ್ಕ ಕಡಿಮೆ, ಹಾಗಾಗಿ ಅವರ ಪಾಲೂ ಕಡಿಮೆ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಗುಂಡು ಮುಗಿದ ಮೆಷಿನ್ ಗನ್ ಬರೀ ಕಬ್ಬಿಣ. ಗುಡ್ಡ ಹತ್ತಿದವನ ಕೈಗೆ ಗುಂಡು ತಲುಪಿಸಿದವನನ್ನು ಬಿಟ್ಟು ಗುಡ್ಡ ಗೆದ್ದ ಕಥೆ ಹೇಳಲು ಬರುವುದಿಲ್ಲ.

ಗಿಲ್ಬರ್ಟ್ ಜಾನ್ಸನ್ ಅನ್ನುವವರ ಬಗ್ಗೆ ಹೇಳದೆ ಇರಲಾರೆ. ಭೂಸೇನೆಯಲ್ಲಿದ್ದರು, ನಂತರ ನೌಕಾಪಡೆಯಲ್ಲಿ ಅಧಿಕಾರಿಗಳಿಗೆ ಊಟ ಬಡಿಸುವ ವಿಭಾಗದಲ್ಲಿದ್ದರು, 37ನೇ ವಯಸ್ಸಿನಲ್ಲಿ ಮರೀನ್ ಸೇರಿದರು. ತೋಳಿನ ಮೇಲೆ ಹಳೆಯ ಸೇವೆಯ ಪಟ್ಟಿಗಳೇ ಸಾಲುಸಾಲು ಇದ್ದದ್ದರಿಂದ ಹುಡುಗರು ಅವರನ್ನು ಹ್ಯಾಷ್‌ಮಾರ್ಕ್ ಅಂತಲೇ ಕರೆಯುತ್ತಿದ್ದರು. ಮಾಂಟ್‌ಫರ್ಡ್ ಪಾಯಿಂಟ್‌ನಲ್ಲಿ ಸಾವಿರಾರು ಹುಡುಗರನ್ನು ಉಸಿರುಗಟ್ಟುವಷ್ಟು ಕಠಿಣವಾಗಿ ಪಳಗಿಸಿದರು. 1972ರಲ್ಲಿ, ಹಳೆಯ ಮಾಂಟ್‌ಫರ್ಡ್ ಪಾಯಿಂಟ್ ಮರೀನ್‌ಗಳ ಸಭೆಯಲ್ಲಿ ಮಾತಾಡುತ್ತಿದ್ದಾಗಲೇ ಹೃದಯಾಘಾತದಿಂದ ತೀರಿಕೊಂಡರು. 1974ರಲ್ಲಿ ಆ ಕ್ಯಾಂಪಿಗೆ ಅವರ ಹೆಸರನ್ನೇ ಇಟ್ಟರು.

ಅಮೆರಿಕದ ಸಂಸತ್ತು ಇವರೆಲ್ಲರಿಗೂ ಸೇರಿಸಿ ಚಿನ್ನದ ಪದಕ ಕೊಟ್ಟದ್ದು 2012ರ ಜೂನ್‌ನಲ್ಲಿ. ಮೊದಲ ಹುಡುಗ ಆ ಕಾಡಿಗೆ ಬಂದು ಹತ್ತಿರ ಹತ್ತಿರ 70 ವರ್ಷಕ್ಕೆ. ಗಾಲಿ ಕುರ್ಚಿಯಲ್ಲಿ ಬಂದವರಿದ್ದರು. 20,000 ಜನರಲ್ಲಿ ಬಹುಪಾಲು ಮಂದಿಯ ವಿಳಾಸ ಯಾರಿಗೂ ಸಿಕ್ಕಿಲ್ಲ. ಎಷ್ಟೋ ಜನ ಮನೆಯಲ್ಲಿ ಬಾಯಿಯೇ ಬಿಡದೆ ಸತ್ತರು. ಅವರ ಪಾಲಿನ ಪದಕ ಮಕ್ಕಳಿಗೋ ಮೊಮ್ಮಕ್ಕಳಿಗೋ ತಲುಪಿಸಬೇಕು ಅಂತ ಮಾಂಟ್‌ಫರ್ಡ್ ಪಾಯಿಂಟ್ ಮರೀನ್‌ಗಳ ಸಂಘದವರು ಈಗಲೂ ಹುಡುಕುತ್ತಿದ್ದಾರೆ. ನಿಮ್ಮ ಮನೆಯ ಹಳೆಯ ಪೆಟ್ಟಿಗೆ ತೆರೆದು ನೋಡಿ, ಅಜ್ಜನ ಡಿಸ್ಚಾರ್ಜ್ ಕಾಗದದಲ್ಲಿ ಮಾಂಟ್‌ಫರ್ಡ್ ಪಾಯಿಂಟ್ ಅಂತ ಇದ್ದರೆ ದಯವಿಟ್ಟು ತಿಳಿಸಿ ಅಂತ ಅಲ್ಲಿನ ಕುಟುಂಬಗಳನ್ನು ಕೇಳಿಕೊಳ್ಳುತ್ತಿದ್ದಾರೆ.